ವಿಳಾಸ ಬದಲಿಸಿದಿರಿ, ಗೂಗಲ್‌ಗೆ ದಾರಿ ತೋರಿಸಿದಿರಾ?

ಪ್ರಶ್ನೆ: ಡೊಂಬಿವಲಿಯಲ್ಲಿ ಉಪ್ಪಿನಕಾಯಿ, ಸಾರಿನ ಪುಡಿ ಮಾಡಿ ಮಾರುತ್ತೇವೆ. ನಮ್ಮ ಸೈಟಿನ ಪುಟಗಳ ವಿಳಾಸದಲ್ಲಿ ಬರೀ ನಂಬರ್ ಇತ್ತು. ಹೋದ ತಿಂಗಳು ಎಲ್ಲ ತೆಗೆದು ಪದಾರ್ಥದ ಹೆಸರು ಹಾಕಿಸಿದೆವು. ಹಳೇ ಲಿಂಕ್ ಒತ್ತಿದರೆ ಮುಖಪುಟಕ್ಕೆ ಹೋಗುತ್ತದೆ. ಆದರೂ ಗೂಗಲ್‌ನಲ್ಲಿ ನಾವು ಕಾಣ್ತಾನೇ ಇಲ್ಲ. ಹಳೇ ವಿಳಾಸಗಳನ್ನೇ ವಾಪಸ್ ತರಬೇಕಾ?

ಉತ್ತರ: ವಾಪಸ್ ತರಬೇಡಿ. ಹಿಂದೆ ಮುಂದೆ ಓಡಾಡಿಸಿದರೆ ಗೊಂದಲ ಇನ್ನೂ ಜಾಸ್ತಿ. ಮತ್ತೆ ಅದು ‘ಆದರೂ’ ಅಲ್ಲ, ಮುಖಪುಟಕ್ಕೆ ಕಳಿಸಿದ್ದಕ್ಕೇ ಹೀಗಾಗಿದೆ. ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ, ಬರುವುದು ಮಾತ್ರ ಯಾವಾಗಲೂ ಎಲ್ಲ ಮುಗಿದ ಮೇಲೆ. ಒಂದು ವಾರ ಮೊದಲು ಕೇಳಬಾರದಾ ಅಂತ ಸಂಕಟವಾಗುತ್ತದೆ.

ಮಾಟುಂಗದ ಒಂದು ಅಂಗಡಿ ಬೇರೆ ಗಲ್ಲಿಗೆ ಹೋಗಿದೆ ಅಂತಿಟ್ಟುಕೊಳ್ಳಿ. ಹುಡುಕಿಕೊಂಡು ಬಂದವರನ್ನು ಕಿಂಗ್ಸ್ ಸರ್ಕಲ್‌ನಲ್ಲಿ ಇಳಿಸಿ ‘ಇಲ್ಲೇ ಎಲ್ಲೋ ಇದೆ’ ಅಂದರೆ ಸಾಕಾ? ಮಿಡಿ ಮಾವಿನ ಪುಟ ಕೇಳಿದವರಿಗೆ ಮುಖಪುಟ ತೋರಿಸುವುದೂ ಅಷ್ಟೇ. ಗೂಗಲ್ ಇದನ್ನು ‘ಸಾಫ್ಟ್ 404’ ಅಂತ ಎಣಿಸುತ್ತದೆ. ಅಂದರೆ ಆ ಪುಟವೇ ಇಲ್ಲ ಅಂದುಕೊಳ್ಳುತ್ತದೆ. ಬೇರೆಯವರು ನಿಮಗೆ ಕೊಟ್ಟ ಲಿಂಕುಗಳ ಬೆಲೆಯೂ ಅಲ್ಲಿಗೆ ಹೋಯಿತು.

ಇವತ್ತೇ ಕೂತು ಒಂದು ಶೀಟ್ ಮಾಡಿ. ಎಡಕ್ಕೆ ಹಳೇ ವಿಳಾಸ, ಬಲಕ್ಕೆ ಅದಕ್ಕೆ ಸರಿಯಾಗಿ ಹೊಂದುವ ಹೊಸದು. ಹಳೆಯವು ನೆನಪಿಲ್ಲದಿದ್ದರೆ, ಸೈಟ್ ಹುಡುಕಾಟದಲ್ಲಿ ಹೇಗೆ ಕಾಣುತ್ತಿದೆ ಅಂತ ಮಾಲೀಕರಿಗೆ ತೋರಿಸುವ ಗೂಗಲ್‌ನದೇ ಸಾಧನವಾದ ಸರ್ಚ್ ಕನ್ಸೋಲ್‌ನಲ್ಲಿ 16 ತಿಂಗಳ ಲೆಕ್ಕ ಇರುತ್ತದೆ, ಯಾವ ಪುಟಕ್ಕೆ ಜನ ಬರ್ತಿದ್ದರು ಅಂತ ಅಲ್ಲೇ ಸಿಗುತ್ತದೆ. ಸಾಲು ಸಾಲಾಗಿ 301 ರೀಡೈರೆಕ್ಟ್ ಹಾಕಿಸಿ, ಅಂದರೆ ಹಳೇ ವಿಳಾಸಕ್ಕೆ ಬಂದವರನ್ನು ಶಾಶ್ವತವಾಗಿ ಹೊಸದಕ್ಕೆ ಕಳಿಸುವ ವ್ಯವಸ್ಥೆ. 302 ಬೇಡ, ಅದು ತಾತ್ಕಾಲಿಕಕ್ಕೆ. ಹಳೆಯದರಿಂದ ನೇರ ಹೊಸದಕ್ಕೇ ಹೋಗಬೇಕು, ನಡುವೆ ಇನ್ನೊಂದು ನಿಲ್ದಾಣ ಇರಬಾರದು. ಮೆನು, ಪುಟಗಳ ಒಳಗಿನ ಲಿಂಕ್, ಕೆನಾನಿಕಲ್ (ಇದೇ ಅಸಲಿ ವಿಳಾಸ ಅಂತ ಗೂಗಲ್‌ಗೆ ಹೇಳುವ ಗುರುತು), ಸೈಟ್‌ಮ್ಯಾಪ್ (ಗೂಗಲ್‌ಗೆ ಕೊಡುವ ಪುಟಗಳ ಪಟ್ಟಿ) ಎಲ್ಲದರಲ್ಲೂ ಹೊಸ ವಿಳಾಸವೇ ಇರಲಿ. ಮಾರುವುದನ್ನೇ ನಿಲ್ಲಿಸಿದ ಪದಾರ್ಥಕ್ಕೆ ‘ಪುಟ ಇಲ್ಲ’ ಅನ್ನುವ 404 ಇರಲಿ, ತಪ್ಪೇನಿಲ್ಲ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಮರೆಯಬೇಡಿ. ಪುಣೆಯ ಒಬ್ಬ ಗಿರಾಕಿಯ ಸೈಟಿನಲ್ಲಿ ಎಲ್ಲ 301 ಸರಿಯಾಗಿತ್ತು, ಆದರೂ ತಿಂಗಳುಗಟ್ಟಲೆ ಏನೂ ಬದಲಾಗಲಿಲ್ಲ. ನೋಡಿದರೆ ಡೆವಲಪರ್ ಹುಡುಗ ‘ಹಳೆಯದು ಇನ್ಯಾಕೆ’ ಅಂತ ಗೂಗಲ್ ಎಲ್ಲಿಗೆ ಬರಬಾರದು ಅಂತ ಹೇಳುವ ರೋಬೋಟ್ಸ್ ಫೈಲಿನಲ್ಲಿ ಹಳೇ ವಿಳಾಸಗಳನ್ನೆಲ್ಲ ತಡೆದಿದ್ದ. ಗೂಗಲ್ ಅಲ್ಲಿಗೆ ಬಂದರೆ ತಾನೇ ರೀಡೈರೆಕ್ಟ್ ಕಾಣುವುದು! ಮನೆಗೆ ಬೀಗ ಹಾಕಿ, ಹೊಸ ವಿಳಾಸದ ಚೀಟಿಯನ್ನು ಒಳಗಿನ ಗೋಡೆಗೆ ಅಂಟಿಸಿದ ಹಾಗೆ.

ರೀಡೈರೆಕ್ಟ್ ಕನಿಷ್ಠ ಒಂದು ವರ್ಷ ಇಡಿ ಅಂತ ಗೂಗಲ್ ಹೇಳುತ್ತದೆ. ನಾನು ಹೇಳುವುದು, ತೆಗೆಯಲೇಬೇಡಿ. ಸರಿಪಡಿಸಿದ ಮೇಲೆ ಕೆಲವು ವಾರ ಏರಿಳಿತ ಇದ್ದೇ ಇರುತ್ತದೆ, ಆಗ ಗಾಬರಿಯಾಗಿ ಮತ್ತೆ ಕೈ ಹಾಕಬೇಡಿ.

ನಿಜ ಹೇಳಬೇಕೆಂದರೆ ಆ ನಂಬರ್‌ಗಳನ್ನು ಬದಲಿಸುವ ಅಗತ್ಯವೇ ಇರಲಿಲ್ಲ. ವಿಳಾಸದಲ್ಲಿ ಹೆಸರಿದ್ದರೆ ರ‍್ಯಾಂಕಿಂಗ್‌ಗೆ ಸಿಗುವ ಲಾಭ ತೀರಾ ಸಣ್ಣದು. ಚೆನ್ನಾಗಿ ನಡೀತಿರೋ ಸೈಟನ್ನು ಸುಮ್ನೆ ಚೆಂದಕ್ಕೆ ಅಂತ ಯಾಕೆ ಕೆದಕಬೇಕು?

ಪ್ರಶ್ನೆ: 301 ಹಾಕಿದರೆ ಪುಟದ ಶಕ್ತಿ ಸ್ವಲ್ಪ ಸೋರಿಹೋಗುತ್ತದಂತೆ, ಹೌದಾ?

ಉತ್ತರ: ಇಲ್ಲ. 2016ರಲ್ಲೇ ಗೂಗಲ್‌ನವರು ಇದನ್ನು ಸ್ಪಷ್ಟವಾಗಿ ಹೇಳಿದ್ದಾರೆ.

ಪ್ರಶ್ನೆ: ಪಣಜಿಯಲ್ಲಿ ನಮ್ಮ ಹೋಮ್‌ಸ್ಟೇ ಇದೆ. ಕೆಲವು ಪುಟಗಳ ವಿಳಾಸ ಬದಲಿಸಿದ್ದೇವೆ. ಸರ್ಚ್ ಕನ್ಸೋಲ್‌ನ ‘ಚೇಂಜ್ ಆಫ್ ಅಡ್ರೆಸ್’ ಬಳಸಬೇಕಾ?

ಉತ್ತರ: ಬೇಡ, ಅದು ಡೊಮೈನನ್ನೇ ಬದಲಿಸಿದವರಿಗೆ.

ಪ್ರಶ್ನೆ: ವಿಳಾಸದಲ್ಲಿ ಕನ್ನಡ ಅಕ್ಷರ ಹಾಕಬಹುದಾ?

ಉತ್ತರ: ಹಾಕಬಹುದು, ಗೂಗಲ್‌ಗೆ ಓದಲು ಬರುತ್ತದೆ. ಆದರೆ ಕಾಪಿ ಮಾಡಿ ಬೇರೆ ಕಡೆ ಅಂಟಿಸಿದಾಗ ಎಷ್ಟೋ ಸಲ ಅದು ಶೇಕಡಾ ಚಿಹ್ನೆ, ಅಂಕಿ, ಇಂಗ್ಲಿಷ್ ಅಕ್ಷರಗಳ ಸಾಲಾಗಿಬಿಡುತ್ತದೆ. ‘ಉಪ್ಪಿನಕಾಯಿ’ ಅನ್ನೋ ಒಂದೇ ಪದ 90 ಅಕ್ಷರವಾಗುತ್ತದೆ. ಚಿಕ್ಕ ಪದ ಆರಿಸಿ.

ಪ್ರಶ್ನೆ: ಒಬ್ಬ ಏಜೆಂಟ್ ಐನೂರು ಸರ್ಚ್ ಎಂಜಿನ್‌ಗಳಿಗೆ ಹೊಸ ವಿಳಾಸ ಕಳಿಸಿ, ವಾರದಲ್ಲಿ ಮೊದಲ ಸ್ಥಾನ ಗ್ಯಾರಂಟಿ ಅಂತಿದ್ದಾನೆ. ಅಡ್ವಾನ್ಸ್ ಕೊಡಲಾ?

ಉತ್ತರ: ಒಂದು ಪೈಸೆಯೂ ಕೊಡಬೇಡಿ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾಗದು ಅಂತ ಗೂಗಲ್ಲೇ ಬರೆದಿದೆ. ಸೈಟಿನ ಪಾಸ್‌ವರ್ಡ್ ಆಗಲೇ ಅವನ ಕೈಗೆ ಕೊಟ್ಟಿದ್ದರೆ ಈಗಲೇ ಬದಲಿಸಿ.