ಮೆಣಸಿನ, ಟೊಮೆಟೊ ಸಸಿಗಳಿಗೆ ನೀರು, ಗೊಬ್ಬರ, ಸ್ಪ್ರೇ ಎಲ್ಲಾ ಕೊಟ್ಟರೂ ಯಾಕೆ ಸೊರಗುತ್ತಿವೆ? ಇನ್ನೇನು ಹಾಕಲಿ?

ಏನೂ ಹಾಕಬೇಡಿ. ಮುಂದಿನ ಹತ್ತು ದಿನ ಕೈ ಕಟ್ಟಿ ಕೂತರೆ ಅದೇ ಈಗ ಅವಕ್ಕೆ ಬೇಕಾದ ಮದ್ದು.

ನೀವು ಬರೆದದ್ದನ್ನು ನಾನು ಹೀಗೆ ಅರ್ಥ ಮಾಡಿಕೊಂಡೆ. ಸಸಿಗಳಿಗೆ ಮೂರು ವಾರ. ಬೆಳಗ್ಗೆ ಸಂಜೆ ತಪ್ಪದೆ ನೀರು ಕೊಟ್ಟಿರಿ. ಎಲೆ ಹಳದಿಯಾಯಿತು, ಗೊಬ್ಬರದ ನೀರು ಹಾಕಿದಿರಿ. ಎಲೆ ಮುದುಡಿತು, ಹುಳ ಇರಬಹುದು ಅಂತ ಬೇವಿನ ಎಣ್ಣೆಗೆ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ ಸ್ಪ್ರೇ ಮಾಡಿದಿರಿ. ಈಗ ಎಲೆ ಅಂಚು ಕಂದು, ನಡುವೆ ಸುಟ್ಟ ಚುಕ್ಕೆ. ಇದು ಮೂರು ಬೇರೆ ಬೇರೆ ತೊಂದರೆ ಅಲ್ಲ, ಒಂದರ ಬಾಲ ಹಿಡಿದು ಇನ್ನೊಂದು ಬಂದಿದೆ. ಮೊದಲು ನೀರು ಜಾಸ್ತಿಯಾಯಿತು. ಉಳಿದ ಎರಡು ಅದಕ್ಕೆ ಮಾಡಿದ ಚಿಕಿತ್ಸೆಯಿಂದ ಬಂದವು.

ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ನಾನು ಮೊದಲ ಸಲ ನಲವತ್ತು ಸಸಿ ಎಬ್ಬಿಸಿ ಉಳಿಸಿಕೊಂಡದ್ದು ಆರು. ಆ ಆರೂ ಉಳಿದದ್ದು ಹೇಗೆ ಗೊತ್ತಾ? ಮೂಲೆಯಲ್ಲಿದ್ದವು, ನನಗೆ ಮರೆತೇ ಹೋಗಿತ್ತು.

ನೀರಿನ ವಿಷಯವನ್ನೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಮುಕ್ಕಾಲು ಪಾಲು ಸಸಿ ಸಾಯುವುದು ಇಲ್ಲೇ. ಬೇರಿಗೆ ನೀರು ಎಷ್ಟು ಬೇಕೋ ಗಾಳಿಯೂ ಅಷ್ಟೇ ಬೇಕು. ಅದೂ ಉಸಿರಾಡುತ್ತದೆ. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ತುಂಬಿದರೆ ಉಸಿರು ಕಟ್ಟುತ್ತದೆ, ಬೇರು ಕೆಲಸ ನಿಲ್ಲಿಸುತ್ತದೆ. ಆಗ ಸುತ್ತ ನೀರಿದ್ದರೂ ಗಿಡಕ್ಕೆ ಏರುವುದಿಲ್ಲ, ಎಲೆ ಬಾಡುತ್ತದೆ. ನಾವು ನೋಡಿ "ಅಯ್ಯೋ, ಬಾಡಿದೆ" ಅಂತ ಇನ್ನೊಂದು ಚೊಂಬು ಸುರಿಯುತ್ತೇವೆ.

ಬಾಯಾರಿದ ಸಸಿಗೂ ನೀರು ಹೆಚ್ಚಾದ ಸಸಿಗೂ ವ್ಯತ್ಯಾಸ ಇದೆ, ನೋಡಿ ಅಭ್ಯಾಸ ಆಗಬೇಕು. ಬಾಯಾರಿದ ಸಸಿಯ ಎಲೆ ಒದ್ದೆ ಬಟ್ಟೆಯ ಹಾಗೆ ತೆಳ್ಳಗೆ ಜೋತುಬೀಳುತ್ತದೆ, ಪಾಟ್ ಎತ್ತಿದರೆ ಹಗುರ, ನೀರು ಕೊಟ್ಟ ಸ್ವಲ್ಪ ಹೊತ್ತಿನಲ್ಲೇ ಎದ್ದು ನಿಲ್ಲುತ್ತದೆ. ನೀರು ಹೆಚ್ಚಾದ ಸಸಿಯ ಎಲೆ ಊದಿಕೊಂಡ ಹಾಗೆ ಗಟ್ಟಿಯಾಗಿದ್ದೇ ಕೆಳಗೆ ಬಾಗುತ್ತದೆ, ಪಾಟ್ ಭಾರ, ಸಂಜೆ ತಂಪಾದರೂ ಏಳುವುದಿಲ್ಲ. ಇನ್ನೊಂದು ಜಾತಿ ಇದೆ. ನಡುಮಧ್ಯಾಹ್ನ ಬಾಡಿ ಸಂಜೆಗೆ ತಾನೇ ಸರಿಹೋಗುವುದು. ಅದು ಬರೀ ಬಿಸಿಲಿನ ಆಟ. ಅದಕ್ಕೆ ನೀರು ಸುರಿಯಬೇಡಿ.

ಮೇಲ್ಮಣ್ಣಿನ ಬಣ್ಣ ನೋಡಿ ನಿರ್ಧರಿಸಬೇಡಿ. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಅಂತೂ ಮಹಾ ಮೋಸಗಾರ. ಮೇಲೆ ಒಣಗಿ ತಿಳಿ ಕಂದಾಗಿರುತ್ತದೆ, ಒಂದು ಇಂಚು ಕೆಳಗೆ ಹಿಂಡಿದರೆ ನೀರು ಬರುತ್ತದೆ. ಬೆರಳನ್ನು ಮೊದಲ ಗೆಣ್ಣಿನವರೆಗೆ ಇಳಿಸಿ ನೋಡಿ. ಅದಕ್ಕಿಂತ ಒಳ್ಳೆಯದು ಪಾಟ್ ಎತ್ತಿ ನೋಡುವುದು. ನಾನು ಶುರುವಿನಲ್ಲಿ ಅಡುಗೆಮನೆಯ ತಕ್ಕಡಿ ಮೇಲೇ ಇಡುತ್ತಿದ್ದೆ. 10 ಸೆಂಟಿಮೀಟರ್ ಅಗಲದ ನನ್ನ ಪಾಟ್ ನೀರು ಕೊಟ್ಟು ಬಸಿದ ಮೇಲೆ ಸುಮಾರು 400 ಗ್ರಾಂ ಇರುತ್ತಿತ್ತು, ನೀರು ಕೊಡುವ ಹೊತ್ತಿಗೆ 220ರ ಹತ್ತಿರ. ನಿಮ್ಮ ಮಿಶ್ರಣಕ್ಕೆ ಈ ಲೆಕ್ಕ ಬೇರೆಯಾಗುತ್ತದೆ. ಒಂದು ವಾರ ತೂಗಿದರೆ ಸಾಕು, ಆಮೇಲೆ ಕೈಯೇ ಹೇಳುತ್ತದೆ.

ನೀರು ಕಡಿಮೆ ಮಾಡಿ ಅಂದಾಗ ಹಲವರು ದಿನಾ ಎರಡು ಚಮಚ ಕೊಡಲು ಶುರು ಮಾಡುತ್ತಾರೆ. ಅದೂ ಸರಿಯಲ್ಲ. ಕೊಡುವಾಗ ತಳದಿಂದ ಇಳಿಯುವಷ್ಟು ಕೊಡಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ, ಮತ್ತೆ ಪಾಟ್ ಹಗುರ ಆಗುವವರೆಗೆ ಮುಟ್ಟಬೇಡಿ. ಅದು ಎರಡು ದಿನವೋ ಐದು ದಿನವೋ, ಪಾಟ್ ಗಾತ್ರ, ಗಾಳಿ, ಬಿಸಿಲು ಹೇಳಬೇಕು. ಕ್ಯಾಲೆಂಡರ್ ಅಲ್ಲ.

ಪಾಟ್ ಗಾತ್ರ ಅಂದೆ. ನಾಲ್ಕು ಎಲೆಯ ಸಸಿಯನ್ನು ಬಕೆಟ್‌ನಂಥ ಪಾಟ್‌ನಲ್ಲಿ ಇಟ್ಟರೆ ಅಷ್ಟು ನೀರನ್ನು ಕುಡಿಯುವವರು ಯಾರು? ಸುತ್ತಲ ಮಣ್ಣು ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಮೊದಲು ಸಣ್ಣ ಕಪ್, ಬೇರು ತುಂಬಿದ ಮೇಲೆ ಅದರ ಎರಡರಷ್ಟು ಅಗಲದ್ದು, ಆಮೇಲೆ ದೊಡ್ಡದು. ತಳಕ್ಕೆ ಜಲ್ಲಿಕಲ್ಲು ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅನ್ನುವುದನ್ನೂ ಬಿಟ್ಟುಬಿಡಿ. ಒದ್ದೆ ಸ್ಪಂಜನ್ನು ಮಲಗಿಸಿ ಹಿಡಿದು, ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ನೆಟ್ಟಗೆ ನಿಲ್ಲಿಸಿ ನೋಡಿ. ಇನ್ನಷ್ಟು ನೀರು ಇಳಿಯುತ್ತದೆ. ಪಾಟ್ ಕೂಡ ಹಾಗೆಯೇ. ಎಷ್ಟು ಬಸಿದರೂ ಮಣ್ಣಿನ ಕೆಳತುದಿಯಲ್ಲಿ ಒಂದು ಪದರ ನೀರು ಹಿಡಿದುಕೊಂಡೇ ಇರುತ್ತದೆ. ಕಲ್ಲು ಹಾಕಿದರೆ ಆ ಪದರ ಹೋಗುವುದಿಲ್ಲ, ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ ಅಷ್ಟೇ.

ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣ ಹಾರುತ್ತಿದ್ದರೆ ಮೇಲ್ಪದರ ಒಣಗುತ್ತಲೇ ಇಲ್ಲ ಅಂತ ಅರ್ಥ. ಅದರ ಮರಿಹುಳಗಳು ಎಳೆ ಬೇರನ್ನೂ ಮೇಯುತ್ತವೆ. ಇನ್ನು ಸಸಿಯ ಕಾಂಡ ಮಣ್ಣಿನ ಮಟ್ಟದಲ್ಲಿ ದಾರದಷ್ಟು ಸಣ್ಣಗಾಗಿ, ಕಂದಾಗಿ, ದೊಪ್ಪನೆ ಒರಗಿತೋ, ಅದು ಸಸಿ ಕೊಳೆ ರೋಗ. ಪಿಥಿಯಂ, ರೈಜೋಕ್ಟೋನಿಯಾ ಥರದ, ಮಣ್ಣಲ್ಲಿರುವ ಶಿಲೀಂಧ್ರದಂಥ ಜೀವಿಗಳು ತರುವುದು. ಪಿಥಿಯಂನ ಬೀಜಕಣಗಳು ನೀರಿನಲ್ಲಿ ಈಜುತ್ತವೆ, ಹಾಗಾಗಿ ಒದ್ದೆ ಟ್ರೇ ಅಂದರೆ ಅವಕ್ಕೆ ಹೆದ್ದಾರಿ. ಒರಗಿದ ಸಸಿ ಮತ್ತೆ ಏಳುವುದಿಲ್ಲ. ತೆಗೆದು ಬಿಸಾಡಿ, ಆ ಮಣ್ಣನ್ನು ಇನ್ನೊಂದು ಸಸಿಗೆ ಬಳಸಬೇಡಿ.

ಈಗ ಗೊಬ್ಬರ. ಮೊದಲು ಬರುವ ಆ ಎರಡು ಎಲೆ ಇವೆಯಲ್ಲ, ಬೀಜದೆಲೆಗಳು, ಅವು ಸಸಿಯ ಬುತ್ತಿ. ನಿಜವಾದ ಎಲೆ ಎರಡು ಜೊತೆ ಬರುವವರೆಗೆ ಹೊರಗಿನ ಊಟ ಬೇಡವೇ ಬೇಡ. ಬುತ್ತಿ ಖಾಲಿಯಾದ ಮೇಲೆ ಬೀಜದೆಲೆ ಹಳದಿಯಾಗಿ ಉದುರುತ್ತವೆ. ಇದು ಸಹಜ. ನಿಮ್ಮ ಮೊದಲ "ಹಳದಿ ಎಲೆ" ಇದೇ ಆಗಿತ್ತೇನೋ ಅಂತ ನನಗೆ ಗುಮಾನಿ.

ಎಲೆ ಹಳದಿ ಅಂದ ಕೂಡಲೇ ಗೊಬ್ಬರ ಅನ್ನಬೇಡಿ. ಮಣ್ಣು ಹದವಾಗಿದ್ದು, ಕೆಳಗಿನ ಎಲೆಗಳು ಇಡಿಯಾಗಿ ಮಸುಕಾದರೆ ಹಸಿವು ಇರಬಹುದು. ಮಣ್ಣು ಒದ್ದೆಯಾಗಿದ್ದು ಹಳದಿಯಾದರೆ ತೊಂದರೆ ಬೇರಿನದು. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ. ಮಣ್ಣಲ್ಲಿ ಕಬ್ಬಿಣ ಇದ್ದರೂ ಪಿಎಚ್ ಜಾಸ್ತಿಯಾದರೆ, ಅಂದರೆ ಮಣ್ಣು ಕ್ಷಾರವಾದರೆ, ಬೇರು ನೀರಲ್ಲಿ ನೆನೆದಿದ್ದರೆ ಹೀಗಾಗುತ್ತದೆ. ಎಲೆ ಕಡುಹಸಿರಾಗಿ, ತುದಿ ಹಕ್ಕಿಯ ಉಗುರಿನ ಹಾಗೆ ಕೆಳಗೆ ಬಾಗಿದರೆ ಸಾರಜನಕ ಜಾಸ್ತಿ. ತುದಿ, ಅಂಚು ಸುಟ್ಟು, ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿದರೆ ಲವಣ ಜಾಸ್ತಿ. ಉಪ್ಪು ಸವರಿದ ತರಕಾರಿ ಹೋಳು ನೀರು ಬಿಡುವುದನ್ನು ನೋಡಿರುತ್ತೀರಿ. ಬೇರಿನ ಸುತ್ತ ಲವಣ ಹೆಚ್ಚಾದರೆ ಅದಕ್ಕೂ ಅದೇ ಗತಿ.

ಅಳತೆ ನೋಡೋಣ. 19:19:19 (ಸಾರಜನಕ, ರಂಜಕ, ಪೊಟ್ಯಾಷ್ ತಲಾ 19%) ನೀರಲ್ಲಿ ಕರಗುವ ಗೊಬ್ಬರ ಹಾಕಿದೆ ಅಂದಿದ್ದೀರಿ, ಲೀಟರಿಗೆ ಒಂದು ಚಮಚ. ಚಮಚ ಅಂದರೆ ಹೆಚ್ಚುಕಮ್ಮಿ 5 ಗ್ರಾಂ. ಅದರಲ್ಲಿ ಸಾರಜನಕವೇ 950 ಮಿಲಿಗ್ರಾಂ. ಎಳೆ ಸಸಿಗೆ ಲೀಟರಿಗೆ 50ರಿಂದ 100 ಮಿಲಿಗ್ರಾಂ ಧಾರಾಳ. ಅಂದರೆ ಅರ್ಧ ಗ್ರಾಂ ಗೊಬ್ಬರ. ಹತ್ತು ಪಟ್ಟು ಆಯಿತಲ್ವಾ! ಅರ್ಧ ಗ್ರಾಂ ತೂಗುವುದು ಕಷ್ಟ ಅಂದರೆ 5 ಗ್ರಾಮನ್ನು ಒಂದು ಲೀಟರಿನಲ್ಲಿ ಕರಗಿಸಿ, ಅದರಿಂದ 100 ಮಿಲಿಲೀಟರ್ ತೆಗೆದು 900 ಮಿಲಿಲೀಟರ್ ನೀರಿಗೆ ಬೆರೆಸಿ. ವಾರಕ್ಕೆ ಒಂದು ಸಲ ಸಾಕು, ಅದೂ ಮಣ್ಣು ಪೂರ್ತಿ ಒಣಗಿಲ್ಲದಾಗ. ಒಣ ಬೇರಿಗೆ ಗೊಬ್ಬರದ ನೀರು ನೇರ ಬಿದ್ದರೆ ಬೇಗ ಸುಡುತ್ತದೆ. ಯೂರಿಯಾವನ್ನಂತೂ ಸಸಿಯ ಹತ್ತಿರ ತರಬೇಡಿ, ಅದರಲ್ಲಿ 46% ಸಾರಜನಕ. ಪಾಟ್‌ನ ಮಣ್ಣಿನ ಮಿಶ್ರಣದಲ್ಲಿ ಎರೆಗೊಬ್ಬರ ಕಾಲು ಭಾಗ ಇದ್ದರೆ ಮೊದಲ ತಿಂಗಳು ಬೇರೇನೂ ಬೇಕಿಲ್ಲ. ಸಾವಯವ ಅಂದಮಾತ್ರಕ್ಕೆ ಸುಡುವುದಿಲ್ಲ ಅಂತಲ್ಲ, ಹಸಿ ಸಗಣಿ, ಕೋಳಿಗೊಬ್ಬರ ಚೆನ್ನಾಗಿಯೇ ಸುಡುತ್ತವೆ.

ಸ್ಪ್ರೇ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ, ಹಾಗಾಗಿ ಮಾತು ಜೋರಾದರೆ ಬೇಜಾರು ಮಾಡಿಕೊಳ್ಳಬೇಡಿ. ಹುಳ ಕಾಣದೆ ಯಾಕೆ ಹೊಡೆಯಬೇಕು? ಮೊದಲು ಎಲೆ ಮಗುಚಿ ಭೂತಗನ್ನಡಿಯಲ್ಲಿ ನೋಡಿ. ಬಿಳಿ ಕಾಗದದ ಮೇಲೆ ಕುಡಿಯನ್ನು ಮೆಲ್ಲಗೆ ತಟ್ಟಿ, ಬಿದ್ದದ್ದು ಓಡಾಡುತ್ತದೆಯೋ ನೋಡಿ. ಮೆಣಸಿನ ಎಲೆ ಮೇಲಕ್ಕೆ ದೋಣಿಯ ಹಾಗೆ ಮುದುಡಿದರೆ ಸಾಮಾನ್ಯವಾಗಿ ಥ್ರಿಪ್ಸ್ ಅನ್ನುವ ರಸ ಹೀರುವ ಸಣ್ಣ ಹುಳ, ಕೆಳಕ್ಕೆ ಮುದುಡಿದರೆ ಮೈಟ್ ನುಸಿ. ಟೊಮೆಟೊದಲ್ಲಿ ಬಿಳಿನೊಣ ತರುವ ಎಲೆ ಮುದುಡು ರೋಗ ಬಂದಿದ್ದರೆ ಯಾವ ಸ್ಪ್ರೇಯೂ ಆ ಗಿಡವನ್ನು ವಾಸಿ ಮಾಡುವುದಿಲ್ಲ, ಅದು ವೈರಸ್. ಏನೂ ಕಾಣದಿದ್ದರೆ ಮುದುಡಲು ಕಾರಣ ನೀರು, ಲವಣ ಅಥವಾ ಬಿಸಿಲು. ಬಾಟಲಿ ಕೆಳಗಿಡಿ.

ಎಳೆ ಎಲೆಯ ಮೇಲಿನ ಮೇಣದ ಪದರ ಇನ್ನೂ ತೆಳು. ಪಾತ್ರೆ ತೊಳೆಯುವ ಲಿಕ್ವಿಡ್ ಸೋಪಲ್ಲ, ಡಿಟರ್ಜೆಂಟ್. ಅದನ್ನು ಮಾಡಿರುವುದೇ ಜಿಡ್ಡು ತೆಗೆಯಲು. ಎಲೆಯ ಮೇಣವನ್ನೂ ತೆಗೆಯುತ್ತದೆ, ಆಮೇಲೆ ಎಣ್ಣೆ, ಬಿಸಿಲು ಎರಡೂ ಸೇರಿ ಹುರಿಯುತ್ತವೆ. ಗಿಡಕ್ಕೆಂದೇ ಮಾಡಿದ ಪೊಟ್ಯಾಸಿಯಂ ಸೋಪು ಸಿಗುತ್ತದೆ, ಅದೇ ಬೇರೆ. ಬೇವಿನ ಎಣ್ಣೆ ನಿಜಕ್ಕೂ ಬೇಕಾದರೆ ಲೀಟರಿಗೆ 2 ಮಿಲಿಲೀಟರಿಗಿಂತ ಜಾಸ್ತಿ ಬೇಡ, ಸರಿಯಾಗಿ ಬೆರೆಸಿ, ಹೊಡೆಯುವಾಗಲೂ ಬಾಟಲಿ ಅಲ್ಲಾಡಿಸುತ್ತಿರಿ. ಎಣ್ಣೆ ಮೇಲೆ ತೇಲುತ್ತದೆ, ಸ್ಪ್ರೇಯರ್‌ನ ಕೊಳವೆ ತಳದಿಂದ ಹೀರುತ್ತದೆ. ಹಾಗಾಗಿ ಮೊದಲ ಗಿಡಗಳಿಗೆ ಬರೀ ನೀರು, ಕೊನೆಯ ನಾಲ್ಕು ಗಿಡಗಳಿಗೆ ಶುದ್ಧ ಎಣ್ಣೆ! ನಿಮ್ಮಲ್ಲಿ ಕೊನೆಯ ಸಾಲಿನವೇ ಜಾಸ್ತಿ ಸುಟ್ಟಿವೆ ಅಂದಿದ್ದೀರಿ, ಅದು ಇದಕ್ಕೇ ಇರಬಹುದು.

ಹೊತ್ತು ಇಳಿದ ಮೇಲೆ ಹೊಡೆಯಿರಿ. ಬಿಸಿ 30 ಡಿಗ್ರಿ ದಾಟಿದ್ದರೆ ಬೇಡ. ಬಾಡಿದ ಗಿಡಕ್ಕೆ ಬೇಡ. ಗಂಧಕ ಹಾಕಿ ಎರಡು ವಾರದೊಳಗೆ ಎಣ್ಣೆ ಬೇಡ. ಮೊದಲು ಒಂದು ಎಲೆಗೆ ಹೊಡೆದು ಎರಡು ದಿನ ಕಾಯಿರಿ. ಬರೀ ನೀರಿನ ಹನಿ ಭೂತಗನ್ನಡಿಯ ಹಾಗೆ ಎಲೆ ಸುಡುತ್ತದೆ ಅಂತಲೂ ಹೆದರಿದ್ದೀರಿ. 2010ರಲ್ಲಿ ಹಂಗೇರಿಯ ಸಂಶೋಧಕರು ಇದನ್ನು ಪರೀಕ್ಷಿಸಿದರು. ನುಣುಪಾದ ಎಲೆಯ ಮೇಲೆ ಕೂತ ಹನಿಗಳು ಸುಡಲಿಲ್ಲ. ಮೇಣದಂಥ ಕೂದಲು ಹನಿಯನ್ನು ಎತ್ತಿ ಹಿಡಿಯುವ, ನೀರಿನ ಮೇಲೆ ತೇಲುವ ಒಂದು ಜರಿಗಿಡದ ಎಲೆಯಲ್ಲಿ ಮಾತ್ರ ಸುಟ್ಟ ಗುರುತು ಬಂತು. ನಿಮ್ಮ ಚುಕ್ಕೆಗಳಿಗೆ ನೀರನ್ನು ದೂರಬೇಡಿ.

ನನ್ನ ಸಿಟ್ಟಿಗೆ ಕಾರಣ ಹೇಳಿಬಿಡುತ್ತೇನೆ. ಒಂದು ವರ್ಷ ಪರಿಚಯದವರಿಂದ ಸ್ಪ್ರೇಯರ್ ತಂದೆ. ಮೂರು ಸಲ ತೊಳೆದೆ. ವಾರದಲ್ಲಿ ಟೊಮೆಟೊ ಎಲೆಗಳು ಜರಿಗಿಡದ ಹಾಗೆ ಸಣ್ಣಗೆ, ತಿರುಚಿಕೊಂಡು ಬಂದವು. ವೈರಸ್ ಹರಡುವ ಹುಳ ಇರಬೇಕು ಅಂತ ಅದೇ ಸ್ಪ್ರೇಯರ್‌ನಲ್ಲಿ ಇನ್ನೊಮ್ಮೆ ಹೊಡೆದೆ! ಆಮೇಲೆ ಗೊತ್ತಾಯಿತು, ಅವರು ಅದರಲ್ಲಿ 2,4-ಡಿ ಕಳೆನಾಶಕ ಹೊಡೆದಿದ್ದರು. ಟೊಮೆಟೊಗೆ ಅದರ ಲವಲೇಶವೂ ಆಗುವುದಿಲ್ಲ, ಬರೀ ನೀರಿನಲ್ಲಿ ತೊಳೆದರೆ ಹೋಗುವುದೂ ಇಲ್ಲ. ನಿಮ್ಮ ಸಸಿಗೆ ಹೊಸ ಬಾಟಲಿ ಇಡಿ, ಯಾರಿಗೂ ಕೊಡಬೇಡಿ, ಯಾರದ್ದೂ ತರಬೇಡಿ.

ಸರಿ, ಈಗ ಮಾಡಬೇಕಾದದ್ದು. ಇವತ್ತು ಸಂಜೆ ಬರೀ ನೀರಿನಿಂದ ಎಲೆಗಳನ್ನು ಮೆಲ್ಲಗೆ ತೊಳೆಯಿರಿ, ಎಣ್ಣೆ, ಲಿಕ್ವಿಡ್ ಹೋಗಲಿ. ಮಣ್ಣಿಗೆ ಬೀಳದ ಹಾಗೆ ಪಾಟ್ ವಾಲಿಸಿ ಹಿಡಿಯಿರಿ. ಆಮೇಲೆ ಗಾಳಿಯಾಡುವ, ತೀರಾ ಬಿಸಿಲಿಲ್ಲದ ಬೆಳಕಿನ ಜಾಗದಲ್ಲಿಟ್ಟು ಪಾಟ್ ಹಗುರ ಆಗುವವರೆಗೆ ಕಾಯಿರಿ. ಹಗುರವಾದ ದಿನ ಒಂದೇ ಒಂದು ಸಲ, ಪಾಟ್‌ನ ಗಾತ್ರದ ಎರಡು ಪಟ್ಟು ನೀರನ್ನು ನಿಧಾನವಾಗಿ ಹಾಯಿಸಿ ಲವಣ ತೊಳೆಯಿರಿ. ನೀರು ಜಾಸ್ತಿ ಅಂತ ಇಷ್ಟುದ್ದ ಬೈದು ಈಗ ಸುರಿಯಿರಿ ಅನ್ನುತ್ತಾನಲ್ಲ ಅನಿಸಬಹುದು. ಒಂದು ದಿನ ತುಂಬಾ ನೀರು ಹರಿದುಹೋದರೆ ತೊಂದರೆಯಿಲ್ಲ, ದಿನಾ ನಿಂತರೆ ತೊಂದರೆ. ಮತ್ತೆ ಒಣಗಲು ಬಿಡಿ. ಗೊಬ್ಬರ, ಸ್ಪ್ರೇ ಎರಡೂ ಕಪಾಟಿನಲ್ಲಿರಲಿ.

ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ, ಅದನ್ನು ದಿನಾ ನೋಡಿ ಕೊರಗಬೇಡಿ. ಕೀಳಲೂ ಬೇಡಿ, ಉಳಿದ ಹಸಿರು ಭಾಗ ಇನ್ನೂ ಅನ್ನ ಮಾಡುತ್ತಿರುತ್ತದೆ. ಸುಳಿ ನೋಡಿ. ಅಲ್ಲಿಂದ ನೆಟ್ಟಗೆ, ಚುಕ್ಕೆಯಿಲ್ಲದೆ ಎರಡು ಹೊಸ ಎಲೆ ಬಂದರೆ ಸಸಿ ಗೆದ್ದಿತು, ಆಗ ಅರ್ಧ ಗ್ರಾಂ ಲೆಕ್ಕದ ಗೊಬ್ಬರ ಶುರು ಮಾಡಬಹುದು. ಸುಳಿಯೇ ಒಣಗಿದ್ದರೂ ಕಾಂಡ ಹಸಿರಾಗಿದ್ದರೆ ಒಂದೆರಡು ವಾರ ಇಟ್ಟುಕೊಳ್ಳಿ. ಎಲೆ ಬುಡದಿಂದ ಪಕ್ಕದ ಚಿಗುರು ಬರುವುದುಂಟು.

ಅಂದಹಾಗೆ, ಫೋಟೊ ಮೇಲಿನಿಂದ ತೆಗೆದಿದ್ದೀರಿ, ತಳ ಕಾಣುತ್ತಿಲ್ಲ. ಆ ಪಾಟ್‌ಗಳಿಗೆ ತೂತು ಇದೆ ತಾನೇ?