ಬಣ್ಣ ಆಮೇಲೆ, ಆಳ ಮೊದಲು: ಬಾಸ್ ಗಾಳದ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಟೆಕ್ಸಸ್‌ನಲ್ಲಿ ನೆಲೆಸಿರುವ ಕನ್ನಡಿಗರವು, ಲಾರ್ಜ್‌ಮೌತ್ ಬಾಸ್ ಎಂಬ ಸಿಹಿನೀರಿನ ಬೇಟೆಗಾರ ಮೀನನ್ನು ಹಿಡಿಯುವ ಬಗ್ಗೆ. ಜೊತೆಗೆ ಹಾಸನದ ಪ್ರಶ್ನೆಯೂ ಒಂದಿದೆ.

ಪ್ರಶ್ನೆ: ಡಲ್ಲಾಸ್ ಹತ್ತಿರದ ಲೂಯಿಸ್‌ವಿಲ್ ಲೇಕ್‌ಗೆ ವಾರಾಂತ್ಯದಲ್ಲಿ ಹೋಗುತ್ತೇನೆ. ಪೆಟ್ಟಿಗೆ ತುಂಬ ಲೂರ್‌ಗಳಿವೆ (ಕೃತಕ ಎರೆಗಳು), ಅಂಗಡಿಯವರು ಹೇಳಿದ ಬಣ್ಣವೆಲ್ಲ ಕೊಂಡಿದ್ದೇನೆ. ಆದರೂ ಮೀನು ಕಚ್ಚುವುದಿಲ್ಲ. ಯಾವ ಬಣ್ಣ ಸರಿ? (ಫ್ರಿಸ್ಕೊ)

ಉತ್ತರ: ಬಣ್ಣ ಕೊನೆಗಿರಲಿ. ಲೂರ್ ಎಷ್ಟು ಆಳದಲ್ಲಿ ಓಡುತ್ತದೆ ಅನ್ನುವುದು ಮೊದಲ ಪ್ರಶ್ನೆ, ಎಷ್ಟು ವೇಗದಲ್ಲಿ ಅನ್ನುವುದು ಎರಡನೆಯದು. 12 ಅಡಿ ಆಳದಲ್ಲಿ ನೆಲಕ್ಕಂಟಿ ನಿಂತ ಬಾಸ್, 3 ಅಡಿಯಲ್ಲಿ ಹಾದುಹೋಗುವ ಲೂರಿಗಾಗಿ ಎದ್ದು ಬರುವುದು ಅಪರೂಪ, ಅದರ ಬಣ್ಣ ಏನೇ ಇರಲಿ.

ನೀರಿನ ಹತ್ತಿರ ಹೋದ ಕೂಡಲೇ ಎರಡನ್ನು ಅಳೆದುಕೊಳ್ಳಿ. ಒಂದು, ಉಷ್ಣತೆ, ದಾರ ಕಟ್ಟಿದ ಅಗ್ಗದ ಥರ್ಮಾಮೀಟರ್ ಸಾಕು. ಇನ್ನೊಂದು, ನೀರು ಎಷ್ಟು ತಿಳಿಯಾಗಿದೆ ಅನ್ನುವುದು. ಬಿಳಿ ಲೂರನ್ನು ರಾಡಿನ ತುದಿಯಿಂದ ನಿಧಾನವಾಗಿ ಇಳಿಸಿ, ಎಷ್ಟು ಆಳದಲ್ಲಿ ಕಣ್ಣಿಗೆ ಮರೆಯಾಗುತ್ತದೆ ನೋಡಿ.

ಬಾಸ್ ಶೀತರಕ್ತದ ಪ್ರಾಣಿ. ನೀರು 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ತಣ್ಣಗಿದ್ದರೆ ಅದರ ಜೀರ್ಣಕ್ರಿಯೆ ನಿಧಾನವಾಗುತ್ತದೆ. ಓಡುವ ಬೇಟೆಯನ್ನು ಅಟ್ಟಿಸಿಕೊಂಡು ಹೋಗುವ ಮನಸ್ಸೂ ಅದಕ್ಕಿರುವುದಿಲ್ಲ. ಆಗ ನೀರಿನ ನಡುವೆ ತೇಲಿ ನಿಲ್ಲುವ ಸಸ್ಪೆಂಡಿಂಗ್ ಜರ್ಕ್‌ಬೈಟ್ ಕಟ್ಟಿ. ಎರಡು ಸಲ ಚುಟುಕಾಗಿ ಜಗ್ಗಿ, ಹತ್ತು ಸೆಕೆಂಡು ಸುಮ್ಮನೆ ಬಿಡಿ. ಕಚ್ಚುವುದು ಹೆಚ್ಚಾಗಿ ಆ ಬಿಡುವಿನಲ್ಲೇ. ಹೊಸಬರು ಸೋಲುವುದು ಇಲ್ಲಿಯೇ, ಹತ್ತು ಎಣಿಸುವಷ್ಟು ತಾಳ್ಮೆ ಕೈಗೆ ಬಂದಿರುವುದಿಲ್ಲ.

50ರಿಂದ 60 ಡಿಗ್ರಿಯವರೆಗೆ, ಅಂದರೆ ಟೆಕ್ಸಸ್‌ನಲ್ಲಿ ಬಹುತೇಕ ಫೆಬ್ರುವರಿ ಹೊತ್ತಿಗೆ, ಅರ್ಧ ಔನ್ಸಿನ ಲಿಪ್‌ಲೆಸ್ ಕ್ರ್ಯಾಂಕ್‌ಬೈಟನ್ನು (ಮೂತಿಗೆ ನಾಲಿಗೆಯಿಲ್ಲದ, ಮೀನಿನಾಕಾರದ ಗಟ್ಟಿ ಲೂರ್) ಮುಳುಗಿದ ಹೈಡ್ರಿಲ್ಲ ಗಿಡಗಳ ನೆತ್ತಿ ಸವರುವಂತೆ ಎಳೆಯಿರಿ. ಗಿಡಕ್ಕೆ ಸಿಕ್ಕಿಕೊಂಡರೆ ಬೇಸರ ಬೇಡ, ಜೋರಾಗಿ ಕಿತ್ತು ಬಿಡಿಸಿ. ಕಿತ್ತುಬಂದ ಮರುಕ್ಷಣವೇ ಹೊಡೆತ ಬೀಳುವುದು. ಲೇಕ್ ಫೋರ್ಕ್, ಸ್ಯಾಮ್ ರೇಬರ್ನ್ ಜಲಾಶಯಗಳ ಕಡೆ ಇದಕ್ಕೆ ಕೆಂಪು ಬಣ್ಣವೇ ರೂಢಿ.

60 ದಾಟಿದ ಮೇಲೆ ಮೀನು ಮೊಟ್ಟೆಯಿಡಲು ದಡದ ಹತ್ತಿರ ಬರುತ್ತದೆ. ಗೂಡು ಕಾಯುವುದು ಗಂಡು. ಆ ಗಂಡನ್ನು ಹಿಡಿದು ಬಹಳ ಹೊತ್ತು ಇಟ್ಟುಕೊಂಡರೆ ಬ್ಲೂಗಿಲ್ ಮೀನುಗಳು ಮೊಟ್ಟೆ ತಿಂದು ಮುಗಿಸುತ್ತವೆ. ಹಿಡಿದರೆ ಅಲ್ಲೇ, ತಕ್ಷಣ ಬಿಡಿ.

ಈಗ ಬಣ್ಣ. ಬಿಳಿ ಲೂರ್ ಒಂದು ಅಡಿಯೊಳಗೇ ಮರೆಯಾದರೆ ನೀರು ಕದಡಿದೆ ಎಂದರ್ಥ. ಅಲ್ಲಿ ಬಾಸ್ ಕಣ್ಣಿಗಿಂತ ಮೈಯ ಪಾರ್ಶ್ವರೇಖೆಯಿಂದ ಅದುರನ್ನು ಹಿಡಿಯುತ್ತದೆ. ಕಪ್ಪು-ನೀಲಿ ಜಿಗ್ (ತಲೆಗೆ ಲೋಹದ ಭಾರವಿರುವ ಕೊಕ್ಕೆ), ಇಲ್ಲವೇ ದುಂಡನೆಯ ಕೊಲೊರಾಡೊ ತಗಡಿನ ಸ್ಪಿನ್ನರ್‌ಬೈಟ್ (ತಗಡು ಗಿರಗಿರ ತಿರುಗುವ ಲೂರ್) ಕಟ್ಟಿ; ಆ ತಗಡು ನೀರನ್ನು ಜೋರಾಗಿ ಬಡಿಯುತ್ತದೆ. ಎರಡರಿಂದ ನಾಲ್ಕು ಅಡಿ ಕಂಡರೆ, ಅದೂ ಗಾಳಿ ಬಡಿಯುವ ದಡವಾದರೆ, ಉದ್ದನೆಯ ವಿಲೋ ತಗಡಿನ ಬಿಳಿ ಸ್ಪಿನ್ನರ್‌ಬೈಟ್. ಅದರ ಹೊಳಪು ಪುಟ್ಟ ಶಾಡ್ ಮೀನಿನಂತೆ ಕಾಣುತ್ತದೆ. ಐದು ಅಡಿಗಿಂತ ಹೆಚ್ಚು ತಿಳಿಯಿದ್ದರೆ ಗ್ರೀನ್ ಪಂಪ್ಕಿನ್ ಅಥವಾ ವಾಟರ್‌ಮೆಲನ್ ಬಣ್ಣದ ಮೆತ್ತನೆಯ ಪ್ಲಾಸ್ಟಿಕ್, 8 ಪೌಂಡು ತಡೆಯುವ ತೆಳು ಫ್ಲೂರೊಕಾರ್ಬನ್ (ನೀರಿನಲ್ಲಿ ಸುಲಭಕ್ಕೆ ಕಾಣದ ಪ್ಲಾಸ್ಟಿಕ್) ದಾರ. ಬಣ್ಣದ ಲೆಕ್ಕ ಇಷ್ಟೇ.

ಎಳೆದಾಗ ಮೂತಿಯ ನಾಲಿಗೆಯಿಂದ ಆಳಕ್ಕಿಳಿಯುವ ಕ್ರ್ಯಾಂಕ್‌ಬೈಟ್ ಬಗ್ಗೆ ಒಂದು ಮಾತು. ಡಬ್ಬಿಯ ಮೇಲೆ ಬರೆದ ಆಳ ತೆಳು ದಾರಕ್ಕೆ, ದೂರದ ಎಸೆತಕ್ಕೆ ಹೇಳಿದ್ದು. ದಪ್ಪ ದಾರಕ್ಕೆ ನೀರಿನ ತಡೆ ಹೆಚ್ಚು, ಅದು ಲೂರನ್ನು ಮೇಲಕ್ಕೆಳೆಯುತ್ತದೆ. ನೀರು 5 ಅಡಿ ಇದ್ದರೆ 7-8 ಅಡಿ ಮುಳುಗುವ ಲೂರನ್ನೇ ಆರಿಸಿ. ಅದು ಕಲ್ಲಿಗೆ, ಕೊರಡಿಗೆ ಬಡಿದು ಪಕ್ಕಕ್ಕೆ ಹಾರಿದಾಗಲೇ ಬಾಸ್ ಬಾಯಿ ಹಾಕುತ್ತದೆ. ಎಳೆಯುವಾಗ ಲೂರ್ ನಿಮ್ಮ ಎಡಕ್ಕೆ ವಾಲಿಕೊಂಡು ಬರುತ್ತಿದ್ದರೆ, ಅದರ ಮೂತಿ ನಿಮ್ಮ ಕಡೆಗಿರುವಂತೆ ಹಿಡಿದು, ದಾರ ಕಟ್ಟುವ ತಂತಿ ಉಂಗುರವನ್ನು ಇಕ್ಕಳದಿಂದ ಕೂದಲೆಳೆಯಷ್ಟು ಬಲಕ್ಕೆ ಬಾಗಿಸಿ. ಮತ್ತೆ ಎಸೆದು ನೋಡಿ. ಒಮ್ಮೆಗೇ ಹೆಚ್ಚು ಬಾಗಿಸಿದರೆ ಉಂಗುರ ಸಡಿಲವಾಗಿ ಲೂರ್ ಕೆಡುತ್ತದೆ.

ಪ್ರಶ್ನೆ: ಟೆಕ್ಸಸ್ ರಿಗ್ (ಕೊಕ್ಕೆಯ ಮೊನೆಯನ್ನು ಪ್ಲಾಸ್ಟಿಕ್ ಹುಳದಲ್ಲಿ ಮರೆಸುವ ಕಟ್ಟು) ಕಟ್ಟುತ್ತೇನೆ. ಕಚ್ಚಿದ್ದು ಕೈಗೆ ತಿಳಿಯುತ್ತದೆ, ಜಗ್ಗಿದರೆ ಬರಿ ಪ್ಲಾಸ್ಟಿಕ್ ಹುಳ ವಾಪಸ್ ಬರುತ್ತದೆ. ದಾರವೂ ಮುರಿಗೊಳ್ಳುತ್ತದೆ. (ಪ್ಲೇನೊ)

ಉತ್ತರ: ಎರಡೂ ತೊಂದರೆ ಹುಳ ಪೋಣಿಸುವ ಕ್ರಮದಿಂದ ಶುರುವಾಗಿರಬಹುದು. ಮೊದಲು ಬಂದೂಕಿನ ಗುಂಡಿನಾಕಾರದ ಭಾರವನ್ನು, ಚೂಪು ತುದಿ ರಾಡಿನ ಕಡೆಗಿರುವಂತೆ, ದಾರಕ್ಕೆ ಪೋಣಿಸಿ. 10 ಅಡಿಯೊಳಗಿನ ನೀರಿಗೆ 3/16 ಔನ್ಸ್ ಸಾಕು. ಗಾಳಿಯಿದ್ದರೆ, ಗಿಡ ದಟ್ಟವಾಗಿದ್ದರೆ ಕಾಲು ಔನ್ಸ್ ಅಥವಾ ಹೆಚ್ಚು. ಆಮೇಲೆ ಪಾಲೊಮಾರ್ ಗಂಟಿನಲ್ಲಿ ಕೊಕ್ಕೆ. ಫ್ಲೂರೊಕಾರ್ಬನ್ ಆದರೆ ಬಿಗಿಯುವ ಮುನ್ನ ಗಂಟನ್ನು ಎಂಜಲಿನಿಂದ ಒದ್ದೆ ಮಾಡಿ. ಒಣಗಿದ್ದಾಗ ಬಿಗಿದರೆ ತಿಕ್ಕಾಟದ ಬಿಸಿಗೆ ದಾರ ಸುಟ್ಟು, ದೊಡ್ಡ ಮೀನಿಗೆ ಅಲ್ಲೇ ತುಂಡಾಗುತ್ತದೆ.

ಕೊಕ್ಕೆಯ ಮೊನೆಯನ್ನು ಹುಳದ ತಲೆಯ ನಟ್ಟನಡುವೆ ಕಾಲು ಇಂಚು ಇಳಿಸಿ ಪಕ್ಕದಿಂದ ಹೊರತೆಗೆಯಿರಿ. ಕೊಕ್ಕೆಯ ಕುತ್ತಿಗೆಯವರೆಗೆ ಹುಳವನ್ನು ಜಾರಿಸಿ, ಮೊನೆ ಹುಳದ ಕಡೆಗೆ ಬರುವಂತೆ ತಿರುಗಿಸಿ. ಈಗ ಹುಳವನ್ನು ಜೋತುಬಿಟ್ಟು, ಕೊಕ್ಕೆಯ ಬಾಗು ಎಲ್ಲಿ ತಾಗುತ್ತದೋ ಅಲ್ಲಿ ಉಗುರಿನಿಂದ ಗುರುತು ಮಾಡಿ, ಅದೇ ಜಾಗದಲ್ಲಿ ನೇರವಾಗಿ ಆರಪಾರ ಚುಚ್ಚಿ. ಹೊರಬಂದ ಮೊನೆಯನ್ನು ಮೇಲಿನ ಪದರಕ್ಕೆ ತುಸುವೇ ಸಿಕ್ಕಿಸಿ. ಹುಳ ಗೆರೆ ಎಳೆದಂತೆ ನೇರವಾಗಿರಬೇಕು. ಸೊಟ್ಟಗಿದ್ದರೆ ಎಳೆದಾಗ ಗಿರಗಿರ ತಿರುಗುತ್ತದೆ, ನಿಮ್ಮ ದಾರ ಮುರಿಗೊಳ್ಳುವುದು ಅದರಿಂದಲೇ.

ಇನ್ನು ಜಗ್ಗಿದಾಗ ಮೀನು ಬಾರದಿರುವುದು. ಟಕಟಕ ಎಂದು ಬಿಡದೆ ಕುಟುಕುತ್ತಿದ್ದರೆ ಅದು ಬಾಲ ಕಚ್ಚುವ ಬ್ಲೂಗಿಲ್. ಬಾಸ್ ಆದರೆ ಒಂದೇ ಸಲ ‘ಟಕ್’ ಅನ್ನುತ್ತದೆ, ಇಲ್ಲವೇ ದಾರ ಸದ್ದಿಲ್ಲದೆ ಪಕ್ಕಕ್ಕೆ ಸರಿಯುತ್ತದೆ. ಆಗ ರಾಡಿನ ತುದಿ ತಗ್ಗಿಸಿ, ಸಡಿಲ ದಾರವನ್ನೆಲ್ಲ ಸುತ್ತಿಕೊಂಡು, ಭಾರ ಕೈಗೆ ಹತ್ತಿದ ಮೇಲೆ ಜೋರಾಗಿ ಮೇಲಕ್ಕೆ ಜಗ್ಗಿ. ಹುಳ ದಪ್ಪನಾಗಿ ಕೊಕ್ಕೆ ಚಿಕ್ಕದಾದರೂ ಮೊನೆ ಒಳಗೇ ಉಳಿದುಬಿಡುತ್ತದೆ. 5 ಇಂಚಿನ ಹುಳಕ್ಕೆ 3/0, 7 ಇಂಚಿನದಕ್ಕೆ 4/0 ಅಳತೆಯ ಅಗಲ ಬಾಯಿಯ ಕೊಕ್ಕೆ ಹಾಕಿ.

ಪ್ರಶ್ನೆ: ಜುಲೈನಲ್ಲಿ ಬೆಳಗ್ಗೆ ಎಂಟರ ಮೇಲೆ ಒಂದೂ ಸಿಗುವುದಿಲ್ಲ. ಇನ್ನೂ ಆಳಕ್ಕೆ ಇಳಿಸಬೇಕೇ? (ಟೈಲರ್)

ಉತ್ತರ: ಒಂದು ಮಿತಿಯವರೆಗೆ. ಬೇಸಿಗೆಯಲ್ಲಿ ಜಲಾಶಯದ ನೀರು ಪದರಾಗುತ್ತದೆ: ಮೇಲೆ ಬಿಸಿ, ಕೆಳಗೆ ತಣ್ಣೀರು, ನಡುವೆ ಉಷ್ಣತೆ ತಟ್ಟನೆ ಇಳಿಯುವ ಪದರ, ಥರ್ಮೊಕ್ಲೈನ್. ಅದರ ಕೆಳಗೆ ಆಮ್ಲಜನಕ ತೀರ ಕಡಿಮೆ, ಬಾಸ್ ಅಲ್ಲಿ ನಿಲ್ಲುವುದಿಲ್ಲ. ದೋಣಿಯ ಸೋನಾರ್ (ಶಬ್ದದಿಂದ ಆಳ ಅಳೆಯುವ ಸಾಧನ) ಪರದೆಯಲ್ಲಿ ಆ ಥರ್ಮೊಕ್ಲೈನ್ ಮಸುಕು ಪಟ್ಟಿಯಾಗಿ ಕಾಣುತ್ತದೆ. ಉದಾಹರಣೆಗೆ ಪಟ್ಟಿ 20 ಅಡಿಯಲ್ಲಿದ್ದರೆ 30 ಅಡಿಯಲ್ಲಿ ಎಳೆಯುವುದು ವ್ಯರ್ಥ; ಅದಕ್ಕಿಂತ ಸ್ವಲ್ಪ ಮೇಲಿನ ದಿಬ್ಬ, ಮುಳುಗಿದ ಹಳೆ ರಸ್ತೆ, ಕೊರಡುಗಳ ಬಳಿ ದೊಡ್ಡ ಹುಳ ಇಳಿಸಿ. ದೋಣಿಯಿಲ್ಲದವರು ಡಾಕ್‌ಗಳ (ದೋಣಿಕಟ್ಟೆಗಳ) ನೆರಳಿಗೆ ಭಾರವಿಲ್ಲದ ವ್ಯಾಕಿ ಹುಳ (ನಡುಮೈಗೆ ಕೊಕ್ಕೆ ಸಿಕ್ಕಿಸಿದ್ದು) ಎಸೆಯಲಿ. ನಡುಮೈಗೆ ರಬ್ಬರ್ ಉಂಗುರ ಹಾಕಿ ಅದರಡಿ ಕೊಕ್ಕೆ ಸಿಕ್ಕಿಸಿದರೆ ಹುಳ ಹರಿಯುವುದಿಲ್ಲ.

ನೀರು 85 ಡಿಗ್ರಿ ದಾಟಿದಾಗ ಮೀನನ್ನು ಹೊರಗಿಟ್ಟು ಫೋಟೊ ತೆಗೆಯುತ್ತ ಕೂರಬೇಡಿ. ದೊಡ್ಡದನ್ನು ಬರೀ ದವಡೆಯಿಂದ ತೂಗಾಡಿಸದೆ ಇನ್ನೊಂದು ಕೈಯಿಂದ ಹೊಟ್ಟೆಗೆ ಆಸರೆ ಕೊಡಿ.

ಪ್ರಶ್ನೆ: ಮೈಸೂರಿನಿಂದ ಅಪ್ಪ ಬರುತ್ತಿದ್ದಾರೆ, ಅವರಿಗೂ ಲೈಸೆನ್ಸ್ ಬೇಕೇ? (ಆಸ್ಟಿನ್)

ಉತ್ತರ: ಬೇಕು. ಟೆಕ್ಸಸ್‌ನಲ್ಲಿ 17 ತುಂಬಿದವರಿಗೆ ಲೈಸೆನ್ಸ್ ಕಡ್ಡಾಯ. ಪ್ರವಾಸಿಗರು ಹೊರಗಿನವರ ಲೈಸೆನ್ಸ್ ತೆಗೆದುಕೊಳ್ಳಬೇಕು, ಒಂದು ದಿನದ್ದೂ ಸಿಗುತ್ತದೆ. ಸ್ಟೇಟ್ ಪಾರ್ಕ್ ಒಳಗೆ ದಡದಿಂದ ಗಾಳ ಹಾಕಲು ಮಾತ್ರ ಲೈಸೆನ್ಸ್ ಬೇಡ. ಆದರೆ ಉದ್ದದ, ಎಣಿಕೆಯ ನಿಯಮಗಳು ಅಲ್ಲೂ ಇವೆ. ಲಾರ್ಜ್‌ಮೌತ್ ಸಾಮಾನ್ಯವಾಗಿ 14 ಇಂಚಿಗಿಂತ ಚಿಕ್ಕದಾದರೆ ಬಿಡಲೇಬೇಕು, ದಿನಕ್ಕೆ ಐದೇ. ಲೇಕ್ ಫೋರ್ಕ್‌ನಂಥ ಕಡೆ ಬೇರೆ ನಿಯಮ: ಅಲ್ಲಿ 16ರಿಂದ 24 ಇಂಚಿನ ಮೀನನ್ನು ಇಟ್ಟುಕೊಳ್ಳುವಂತಿಲ್ಲ.

ಪ್ರಶ್ನೆ: ಅಣ್ಣ ಅಮೆರಿಕದಿಂದ ಬಾಸ್ ಲೂರ್‌ಗಳನ್ನು ಕಳಿಸಿದ್ದಾನೆ. ನಮ್ಮ ಕೆರೆಗಳಲ್ಲಿ ಕೆಲಸಕ್ಕೆ ಬರುತ್ತವೆಯೇ? (ಹಾಸನ)

ಉತ್ತರ: ನಮ್ಮ ಕೆರೆಗಳಲ್ಲಿ ಬಾಸ್ ಇಲ್ಲ, ತಂದು ಬಿಡುವ ಯೋಚನೆಯೂ ಬೇಡ, ನಾಟಿ ಮೀನುಗಳಿಗೆ ಅದು ಕುತ್ತು. ಆದರೆ ಕೊರವ ಮೀನು ಅದೇ ರೀತಿ ಜೊಂಡಿನ ಮರೆಯಲ್ಲಿ ಹೊಂಚು ಹಾಕುತ್ತದೆ. ಪೆಟ್ಟಿಗೆಯಲ್ಲಿ ಟೊಳ್ಳು ರಬ್ಬರ್ ಕಪ್ಪೆ ಇದ್ದರೆ ಅದನ್ನೇ ಕಟ್ಟಿ. ಎರಡೂ ಕೊಕ್ಕೆ ಬೆನ್ನಿಗಂಟಿಕೊಂಡಿರುವುದರಿಂದ ಅಂತರಗಂಗೆಯ ಮೇಲೂ ಸರಾಗವಾಗಿ ಜಾರುತ್ತದೆ. 40-50 ಪೌಂಡಿನ ಹೆಣೆದ ದಾರ, ಗಟ್ಟಿ ರಾಡ್ ಬೇಕು. ನೀರು ಚಿಮ್ಮಿದ ತಕ್ಷಣ ಜಗ್ಗಿದರೆ ಕಪ್ಪೆ ಬಾಯಿಂದ ಜಾರಿಬರುತ್ತದೆ. ಒಂದೆರಡು ಸೆಕೆಂಡು ತಡೆದು, ದಾರ ಬಿಗಿಯಾದ ಮೇಲೆ ಜಗ್ಗಿ. ಮಳೆಗಾಲದಲ್ಲಿ ಕೆಂಪಗಿನ ಮರಿಗಳ ಗುಂಪು ಮೇಲೆ ಬಂದು ಉಸಿರಾಡುವುದು ಕಂಡರೆ, ಕಾಯುವ ಕೊರವ ಅದರಡಿಯಲ್ಲೇ ಇರುತ್ತದೆ. ಅಲ್ಲಿ ಎಸೆಯಬೇಡಿ, ಅದನ್ನು ಹಿಡಿದರೆ ಮರಿಗಳು ಉಳಿಯುವುದಿಲ್ಲ. ಕೆರೆ ಮೀನು ಸಾಕಣೆಗೆ ಗುತ್ತಿಗೆ ಹೋಗಿದ್ದರೆ ಗುತ್ತಿಗೆದಾರರ ಒಪ್ಪಿಗೆ ಮೊದಲು ಪಡೆಯಿರಿ.

ಪ್ರಶ್ನೆ: ಪೆಟ್ಟಿಗೆಯಲ್ಲಿಟ್ಟ ಪ್ಲಾಸ್ಟಿಕ್ ಹುಳಗಳು ಕರಗಿ ಅಂಟಾಗಿವೆ. ಬಿಸಿಲಿಗೆ ಹೀಗಾಗುತ್ತದೆಯೇ? (ಹ್ಯೂಸ್ಟನ್)

ಉತ್ತರ: ಬಿಸಿಲೊಂದೇ ಅಲ್ಲ. ಎಲಾಜ್‌ಟೆಕ್ ಎಂಬ ಹಿಗ್ಗುವ ವಸ್ತುವಿನ ಲೂರ್‌ಗಳನ್ನು ಮಾಮೂಲಿ ಮೆತ್ತನೆಯ ಪ್ಲಾಸ್ಟಿಕ್ ಜೊತೆ ಇಟ್ಟರೆ ಎರಡೂ ಒಂದಕ್ಕೊಂದು ತಾಗಿ ಕರಗುತ್ತವೆ. ಹುಳದ ಎಣ್ಣೆ ಕೆಲವು ಪೆಟ್ಟಿಗೆಗಳನ್ನೂ, ಗಟ್ಟಿ ಲೂರಿನ ಬಣ್ಣವನ್ನೂ ತಿನ್ನುತ್ತದೆ. ಪ್ರತಿಯೊಂದನ್ನೂ ಅದು ಬಂದ ಚೀಲದಲ್ಲೇ ಇಡಿ, ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಅಂಟಿದ್ದನ್ನು ಕಸದ ಬುಟ್ಟಿಗೆ ಹಾಕಿ, ನೀರಿಗೆ ಎಸೆಯಬೇಡಿ; ನುಂಗಿದ ಮೀನಿನ ಹೊಟ್ಟೆಯಲ್ಲಿ ಅದು ಅರಗುವುದಿಲ್ಲ.