ಕೌದಿ ಜಾರಬೇಕು, ಕೈ ಜಾರಬಾರದು

ಹೊಲಿಗೆ ಅಂಕಣಕ್ಕೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಳೆ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿಯುವ ಹೊದಿಕೆ, ಅಂದರೆ ಕೌದಿಯ ಬಗ್ಗೆಯೇ. ಚಳಿಗಾಲ ಹತ್ತಿರ ಬಂತಲ್ಲ! ತುಮಕೂರಿನಲ್ಲಿ ಹೊಲಿಗೆ ತರಗತಿ ನಡೆಸುವ ನಮ್ಮ ಅಂಕಣಕಾರ್ತಿ ಅವುಗಳಲ್ಲಿ ಐದಕ್ಕೆ ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಮೇಡಂ, ನಮ್ಮದು ಚಿಂತಾಮಣಿ ಹತ್ತಿರದ ಹಳ್ಳಿ. ನಮ್ಮತ್ತೆ ತೀರಿಕೊಂಡ ಮೇಲೆ ಅವರ ಹತ್ತಿ ಸೀರೆಗಳನ್ನು ಯಾರಿಗೂ ಕೊಡೋಕೆ ಮನಸ್ಸು ಬರಲಿಲ್ಲ. ಬೊಂತೆ (ನೀವು ಹೇಳೋ ಕೌದಿ) ಹೊಲಿಯೋಣ ಅಂತ ಕೂತೆ. ಐದು ಪದರ, ಐದಡಿ ಅಗಲ, ಏಳಡಿ ಉದ್ದ. ಮನೆಯಲ್ಲಿರೋದು ಕಾಲಲ್ಲಿ ತುಳಿಯುವ ಕಪ್ಪು ಮಿಷಿನ್. ಅಂಚಿನ ಸುತ್ತ ಎರಡು ಸಾಲು ಸಲೀಸಾಗಿ ಬಂತು. ಒಳಕ್ಕೆ ಹೋದಂತೆ ಬಟ್ಟೆ ಮುಂದಕ್ಕೇ ಸರಿಯೋದಿಲ್ಲ, ಹೊಲಿಗೆ ಸಾಸಿವೆಕಾಳಿನಷ್ಟು ಸಣ್ಣದಾಗುತ್ತೆ. ಮೂರು ಸೂಜಿ ಮುರಿದವು. ಎಳೆದೂ ಎಳೆದೂ ಭುಜ ಹಿಡಿದುಕೊಂಡಿದೆ. ಮಿಷಿನ್ ಮೇಲೆ ಅಂಟಿಸುವ ಜಾರುವ ಹಾಳೆ ಸಿಗುತ್ತಂತೆ. ತರಿಸಿಕೊಳ್ಳಲಾ?

ಉತ್ತರ: ಮೊದಲು ಎಳೆಯುವುದನ್ನು ನಿಲ್ಲಿಸಿ ತಾಯಿ. ಆ ಮೂರೂ ಸೂಜಿ ಮುರಿದದ್ದು ಬಹುಮಟ್ಟಿಗೆ ಎಳೆತಕ್ಕೇ. ಸೂಜಿ ಬಟ್ಟೆಯೊಳಗೆ ಇಳಿದಿರುವಾಗ ಬಟ್ಟೆ ಎಳೆದರೆ ಸೂಜಿ ಬಾಗುತ್ತದೆ. ಬಾಗಿದ ಸೂಜಿ ಕೆಳಗಿನ ಲೋಹದ ಪ್ಲೇಟಿನ ತೂತಿಗೆ ಇಳಿಯದೆ ಅದರ ಅಂಚಿಗೆ ಬಡಿಯುತ್ತದೆ, ಮುರಿಯುತ್ತದೆ.

ಹೊಲಿಗೆ ಸಣ್ಣದಾಗುವುದಕ್ಕೂ ಕಾರಣ ಅದರ ಪಕ್ಕದಲ್ಲೇ ಇದೆ. ಬಟ್ಟೆಯನ್ನು ಮುಂದಕ್ಕೆ ಸಾಗಿಸುವುದು ಪ್ಲೇಟಿನ ಸಂದಿಯಿಂದ ಮೇಲೆದ್ದು ಇಳಿಯುವ ಹಲ್ಲುಗಳು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಜಾಗದಲ್ಲಿ ಅವು ಬಟ್ಟೆಯನ್ನು ಕಚ್ಚಿ, ಒಂದು ಹೊಲಿಗೆಗೆ ಎರಡೂವರೆ ಮೂರು ಮಿಲಿಮೀಟರ್ ತಳ್ಳುತ್ತವೆ. ರವಿಕೆ ಹೊಲಿಯುವಾಗ ಅದು ಧಾರಾಳವಾಗಿ ಸಾಕು. ನಿಮ್ಮ ಬೊಂತೆ ಒಂದೂವರೆ ಕೆಜಿ ಆಸುಪಾಸು ತೂಗುತ್ತದೆ. ಅದರ ಮುಕ್ಕಾಲು ಪಾಲು ಮೇಜಿನಿಂದ ಕೆಳಗೆ ಜೋತುಬಿದ್ದು ಹಿಂದಕ್ಕೆ ಜಗ್ಗುತ್ತಿದ್ದರೆ ಹಲ್ಲು ಎಷ್ಟು ಕಚ್ಚಿದರೂ ಬಟ್ಟೆ ನಿಂತಲ್ಲೇ ನಿಲ್ಲುತ್ತದೆ. ಮಿಷಿನ್ ಮಾತ್ರ ಒಂದೇ ಕಡೆ ಕುಟ್ಟುತ್ತಲೇ ಇರುತ್ತದೆ.

ಅದಕ್ಕೇ ಹಾಳೆಯ ಮಾತು ಆಮೇಲೆ, ಮೊದಲು ಭಾರದ ಮಾತು. ನಿಮ್ಮ ಕಪ್ಪು ಮಿಷಿನ್ನಿಗೆ ಒಂದು ದೊಡ್ಡ ಗುಣ ಇದೆ. ಅದು ಮರದ ಹಲಗೆಯೊಳಗೆ ಇಳಿದು ಕೂತಿರುತ್ತದೆ, ಬಟ್ಟೆ ಸಾಗುವ ಜಾಗ ಮೇಜಿಗೆ ಸಮ. ಪೇಟೆಯ ಹೊಸ ಮಿಷಿನ್ನುಗಳು ಮೇಜಿನ ಮೇಲೆ ಎತ್ತರಕ್ಕೆ ಕೂರುತ್ತವೆ, ಅವುಗಳ ಸುತ್ತ ಬಟ್ಟೆ ಗುಡ್ಡ ಇಳಿದಂತೆ ಇಳಿಯುತ್ತದೆ. ಆದರೆ ನಿಮ್ಮ ಮೇಜು ಚಿಕ್ಕದು. ಅದನ್ನು ಹಿಂಬದಿ ಗೋಡೆಗೆ ತಾಗುವಂತೆ ಸರಿಸಿ, ಹೊಲಿದ ಭಾಗ ಆ ಕಡೆ ಬೀಳದೆ ಗೋಡೆಗೊರಗಿ ಮೇಜಿನ ಮೇಲೇ ಉಳಿಯುತ್ತದೆ. ಎಡಕ್ಕೆ ಮಂಚ ಎಳೆದುಕೊಳ್ಳಿ, ಮಂಚ ತಗ್ಗಾದರೆ ಅದರ ಮೇಲೆ ಎರಡು ಹಾಸಿಗೆ ಒಟ್ಟಿ ಮೇಜಿನ ಮಟ್ಟಕ್ಕೆ ತನ್ನಿ. ಮುಂದಿನ ಭಾಗವನ್ನು ಮಡಿಲಲ್ಲಿ ಇಟ್ಟುಕೊಂಡರೆ ಅದೇ ತೂಕ ಕೆಳಕ್ಕೆ ಜಗ್ಗುತ್ತದೆ, ಅದಕ್ಕೆ ಎದೆಯ ಮಟ್ಟಕ್ಕೆ ಎತ್ತಿ ಹೆಗಲ ಮೇಲೆ ಹಾಕಿಕೊಳ್ಳಿ. ನೋಡುವವರು ನಗಲಿ ಬಿಡಿ. ಬಲಕ್ಕೆ ಚಕ್ರ, ಬೆಲ್ಟು ಇದ್ದಾವಲ್ಲ, ಬಟ್ಟೆಯ ತುದಿ ಅದರೊಳಗೆ ಸಿಕ್ಕಿ ಎಣ್ಣೆ ಮಸಿ ಹತ್ತದಂತೆ ನೋಡಿಕೊಳ್ಳಿ.

ಬಲಗಡೆಯ ಬಟ್ಟೆ ಮಿಷಿನ್ನಿನ ತೋಳಿನ ಕೆಳಗೆ ಹಾಯಬೇಕು, ಅಲ್ಲಿ ಒಂದು ಗೇಣಿನಷ್ಟೂ ಜಾಗವಿಲ್ಲ. ಹೆಚ್ಚಿನವರು ಚಾಪೆ ಸುತ್ತಿದಂತೆ ಬಿಗಿಯಾಗಿ ಸುತ್ತಿ ಒಳಗೆ ತುರುಕುತ್ತಾರೆ. ಹಾಗೆ ಸುತ್ತಿದ್ದು ಮರದ ದಿಂಡಿನಂತೆ ಆಗಿಬಿಡುತ್ತದೆ, ತಿರುಗುವುದೂ ಇಲ್ಲ ಬಗ್ಗುವುದೂ ಇಲ್ಲ. ಅದರ ಬದಲು ಸೀರೆಯ ನೆರಿಗೆ ಹಿಡಿದಂತೆ ಸಡಿಲವಾಗಿ ಮಡಿಕೆ ಮಡಿಕೆ ಮಾಡಿ ಒಳಕ್ಕೆ ಬಿಡಿ. ಒಂದು ಗೇಣು ಹೊಲಿದಿರಿ, ನಿಲ್ಲಿಸಿ. ಸೂಜಿ ಬಟ್ಟೆಯೊಳಗೇ ಇರಲಿ. ನೆರಿಗೆ ಸರಿಪಡಿಸಿ, ಮತ್ತೆ ತುಳಿಯಿರಿ. ಎಲ್ಲ ಕಡೆ ಬಟ್ಟೆ ಜಾರಬೇಕಿಲ್ಲ. ಸೂಜಿಯ ಸುತ್ತಲಿನ ಆ ಒಂದು ಗೇಣು ಸಡಿಲವಾಗಿದ್ದರೆ ಹೊಲಿಗೆ ಬೆಣ್ಣೆಯಂತೆ ಬರುತ್ತದೆ.

ಇನ್ನು ಬೇಸರ ಪಡಬೇಡಿ, ಅಂಚಿನ ಆ ಎರಡು ಸಾಲನ್ನು ಬಿಚ್ಚಿಬಿಡಿ. ನಿಜವಾದ ತೊಡಕು ಶುರುವಾದದ್ದು ಅಲ್ಲಿಂದಲೇ. ಹಲ್ಲು ಕಚ್ಚುವುದು ಎಲ್ಲಕ್ಕಿಂತ ಕೆಳಗಿನ ಪದರವನ್ನು, ಮೇಲಿನ ಪದರವನ್ನು ಫುಟ್, ಅಂದರೆ ಬಟ್ಟೆಯನ್ನು ಮೇಲಿನಿಂದ ಒತ್ತಿ ಹಿಡಿಯುವ ಪಾದ, ಅಷ್ಟಷ್ಟೇ ಹಿಂದಕ್ಕೆ ತಡೆಯುತ್ತದೆ. ಹೀಗಾಗಿ ಪ್ರತಿ ಸಾಲಿನಲ್ಲೂ ಮೇಲಿನ ಬಟ್ಟೆ ಒಂದಿಷ್ಟು ಹಿಂದುಳಿದು ಉಬ್ಬುತ್ತದೆ. ಅಂಚು ತೆರೆದಿದ್ದರೆ ಆ ಉಬ್ಬು ಹೊರಗೆ ಸರಿದುಹೋಗುತ್ತದೆ. ನೀವು ಅಂಚು ಮುಚ್ಚಿದ್ದೀರಿ, ಅದು ಒಳಗೇ ಗಂಟು ಕಟ್ಟಿತು. ಆದ್ದರಿಂದ ಮಿಷಿನ್ ಕೌದಿಯನ್ನು ನಡುವಿನಿಂದ ಹೊರಕ್ಕೆ ಹೊಲಿಯಬೇಕು. ಕೈ ಹೊಲಿಗೆಯ ಕತೆ ಬೇರೆ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಕೌದಿಯನ್ನು ಮೂಲೆಯಿಂದ ಶುರುಮಾಡಿ ಅಂಚಿನ ಗುಂಟ ಸುತ್ತುತ್ತಾ ನಡುವಿಗೆ ಬರುತ್ತಾರೆ, ಎಷ್ಟು ಚೆಂದ ಬರುತ್ತದೆ! ಅವರು ತುಂಡುಗಳನ್ನು ಇಡುತ್ತಾ ಮಡಚುತ್ತಾ ಹೊಲಿಯುತ್ತಾರೆ, ಸಡಿಲು ಕಂಡಲ್ಲೇ ಬೆರಳು ಅದನ್ನು ಸರಿಮಾಡುತ್ತದೆ. ಮಿಷಿನ್ನಿಗೆ ಬೆರಳಿಲ್ಲ. ನಿಮ್ಮ ಅತ್ತೆಯವರು ಕೈಯಲ್ಲಿ ಅಂಚಿನಿಂದ ಹೊಲಿಯುತ್ತಿದ್ದದ್ದನ್ನು ನೋಡಿ ನೀವೂ ಹಾಗೇ ಶುರುಮಾಡಿರಬಹುದು, ತಪ್ಪೇನಿಲ್ಲ.

ಬಿಚ್ಚಿದ ಮೇಲೆ ನೆಲ ಒರೆಸಿ, ಕೆಳಗಿನ ಸೀರೆಯನ್ನು ಸುಕ್ಕಿಲ್ಲದಂತೆ ಹಾಸಿ, ನಾಲ್ಕೂ ಕಡೆ ಟೇಪಿನಿಂದ ನೆಲಕ್ಕೆ ಅಂಟಿಸಿ. ಉಳಿದ ಪದರಗಳನ್ನು ಅದರ ಮೇಲೆ ಹರಡಿ. ಅಂಗೈ ಅಗಲಕ್ಕೊಂದರಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಅಥವಾ ಪಿನ್ನು ಚುಚ್ಚಿ. ಅರ್ಧ ದಿನ ಹೋಗುತ್ತದೆ, ಹೋಗಲಿ. ಎಲ್ಲಕ್ಕಿಂತ ಕೆಳಗೆ ಬರುವ ಸೀರೆಗೆ ಮೊದಲೇ ತೆಳು ಗಂಜಿ ಹಾಕಿ ಇಸ್ತ್ರಿ ಮಾಡಿಟ್ಟರೆ ಇನ್ನೂ ಒಳ್ಳೆಯದು. ಗಂಜಿ ಹಾಕಿದ ಬಟ್ಟೆಯ ಮೇಲಿನ ಜುಂಗು ಅಡಗಿ ಮೇಜಿನ ಮೇಲೆ ಕಾಗದದಂತೆ ಜಾರುತ್ತದೆ. ನನ್ನನ್ನು ಕೇಳಿದರೆ ಯಾವ ಹಾಳೆಗಿಂತಲೂ ಇದೇ ಮೇಲು. ಹೊಲಿದಾದ ಮೇಲೆ ಒಮ್ಮೆ ಒಗೆದುಬಿಡಿ, ಗಂಜಿ ಉಳಿದರೆ ಹುಳು ಬರುತ್ತದೆ.

ಮಿಷಿನ್ನಿನಲ್ಲೂ ನಾಲ್ಕು ಕೆಲಸ ಇದೆ. ಫುಟ್ಟಿನ ಕಂಬಿಯ ನೆತ್ತಿಯಲ್ಲಿ ಒಂದು ತಿರುಪು ಇದೆ, ಅದನ್ನು ಎರಡು ಮೂರು ಸುತ್ತು ಸಡಿಲಿಸಿ, ಫುಟ್ಟಿನ ಒತ್ತಡ ಕಡಿಮೆಯಾಗುತ್ತದೆ. ಹೊಲಿಗೆಯ ಅಳತೆಯನ್ನು ಇಂಚಿಗೆ ಎಂಟು ಬರುವಂತೆ ಇಡಿ. ಸೂಜಿ 16 ನಂಬರಿನದು ಇರಲಿ. ಹಳೆ ಸೀರೆಗಳು ಬಹಳ ನಾರು ಉದುರಿಸುತ್ತವೆ. ಎರಡು ಬಾಬಿನ್ (ಕೆಳದಾರ ಸುತ್ತಿದ ಉರುಳೆ) ಮುಗಿದ ಮೇಲೆ ಪ್ಲೇಟು ಬಿಚ್ಚಿ ನೋಡಿ, ಹಲ್ಲುಗಳ ಸಂದಿಯಲ್ಲಿ ನಾರು ಹಪ್ಪಳದಂತೆ ಗಟ್ಟಿಯಾಗಿ ಕೂತಿರುತ್ತದೆ. ಸಂದಿ ತುಂಬಿದ ಹಲ್ಲು ಕಚ್ಚುವುದಾದರೂ ಹೇಗೆ? ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು ಮಿಷಿನ್ ಎಣ್ಣೆ ಎರಡು ಹನಿ ಬಿಡಿ. ಕೊಬ್ಬರಿ ಎಣ್ಣೆ ಬೇಡವೇ ಬೇಡ, ಅದು ದಿನ ಕಳೆದಂತೆ ಅಂಟಾಗಿ ಮಿಷಿನ್ನನ್ನೇ ಹಿಡಿದುಬಿಡುತ್ತದೆ.

ಇಷ್ಟೆಲ್ಲ ಮಾಡಿಯೂ ಬಿಗಿ ಎನಿಸಿದರೆ ಹಾಳೆ ತರಿಸಿ. ಅಂಗಡಿಯ ಜಾರು ಹಾಳೆಯೇ ಬೇಕೆಂದಿಲ್ಲ, ಟೀ ಶರ್ಟಿನ ಮೇಲೆ ಚಿತ್ರ ಒತ್ತುವವರು ಬಳಸುವ ಟೆಫ್ಲಾನ್ ಹಾಳೆಯೂ ಆಗುತ್ತದೆ. ಒಂದು ಮಾತು ಮರೆಯಬೇಡಿ, ನೀವು ನೇರ ಸಾಲು ಹೊಲಿಯುತ್ತಿದ್ದೀರಿ, ಹಾಳೆ ಹಲ್ಲುಗಳನ್ನು ಮುಚ್ಚಬಾರದು. ಹಲ್ಲಿನ ಜಾಗದಲ್ಲಿ ಕಿಟಕಿಯ ಹಾಗೆ ಕತ್ತರಿಸಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ. ಹಾಳೆಯನ್ನೂ ಕೌದಿಗೆ ಸೇರಿಸಿ ಹೊಲಿದವರು ನನ್ನ ತರಗತಿಯಲ್ಲೇ ಇದ್ದಾರೆ.

ಪ್ರಶ್ನೆ: ತುಮಕೂರಿನವಳು ನಾನು. ಊಟದ ಮೇಜಿನ ಮೇಲೆ ಕರೆಂಟಿನ ಸಣ್ಣ ಮಿಷಿನ್ ಇಟ್ಟು ಬಳ್ಳಿ, ಹೂವಿನ ವಿನ್ಯಾಸ ಹೊಲಿಯುತ್ತೇನೆ, ಹಲ್ಲು ಇಳಿಸಿ ಬಟ್ಟೆಯನ್ನು ಕೈಯಿಂದಲೇ ತಿರುಗಿಸುವುದು. ಬಟ್ಟೆ ಜಾರಲಿ ಅಂತ ಪೌಡರ್ ಹಾಕಿದೆ. ಜಾರಿತು, ಆದರೆ ಕೈಯೂ ಜಾರುತ್ತಿದೆ. ಹೊಲಿಗೆ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ.

ಉತ್ತರ: ನೀವೇ ಉತ್ತರ ಹೇಳಿಬಿಟ್ಟಿರಿ. ಬಟ್ಟೆಯ ಕೆಳಗಡೆ ಜಾರಬೇಕು, ಮೇಲೆ ಕೈ ಅಂಟಬೇಕು, ಪದರಗಳ ನಡುವೆ ಒಂದನ್ನೊಂದು ಹಿಡಿದುಕೊಳ್ಳಬೇಕು. ಮೂರು ಜಾಗ, ಮೂರಕ್ಕೂ ಬೇರೆ ಬೇರೆ ಗುಣ. ಪೌಡರ್ ಎಲ್ಲವನ್ನೂ ಒಂದೇ ಮಾಡಿತು. ಅದೂ ಅಲ್ಲದೆ ಪೌಡರ್ ಬಾಬಿನ್ ಕೇಸಿಗೆ ಇಳಿದು ಎಣ್ಣೆಯೊಡನೆ ಸೇರಿದರೆ ಕೆಸರಾಗುತ್ತದೆ. ಇವತ್ತೇ ಬಿಚ್ಚಿ ಒರೆಸಿ.

ಕೈಗೆ ಹಾರ್ಡ್‌ವೇರ್ ಅಂಗಡಿಯ ಚುಕ್ಕೆ ಚುಕ್ಕೆ ರಬ್ಬರಿನ ಗವಸು ತನ್ನಿ. ಸೆಖೆ ಎನಿಸಿದರೆ ಬ್ಯಾಂಕಿನಲ್ಲಿ ನೋಟು ಎಣಿಸುವವರು ಹಾಕಿಕೊಳ್ಳುವ ರಬ್ಬರ್ ಟೊಪ್ಪಿಗೆ ಇದೆಯಲ್ಲ, ಎರಡೆರಡು ಬೆರಳಿಗೆ ಹಾಕಿಕೊಂಡರೆ ಸಾಕು. ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿಯಬೇಡಿ. ಚಪಾತಿ ಹಿಟ್ಟು ತಿರುಗಿಸುವಂತೆ ಅಂಗೈ ಊರಿ ಸರಿಸಿ. ನಿಮ್ಮಲ್ಲಿ ಹಲ್ಲು ಇಳಿದೇ ಇರುವುದರಿಂದ ಟೆಫ್ಲಾನ್ ಹಾಳೆಯನ್ನು ಪೂರ್ತಿ ಹಾಸಬಹುದು, ಸೂಜಿಗೆ ಒಂದು ತೂತು ಬಿಟ್ಟರಾಯಿತು. ಮಿಷಿನ್ನಿನ ಎತ್ತರಕ್ಕೆ ಸುತ್ತ ಥರ್ಮೋಕೋಲ್ ಜೋಡಿಸಿ, ಮೇಲೆ ನುಣುಪು ಸನ್‌ಮೈಕಾ ತುಂಡು ಹಾಕಿ ಮಟ್ಟ ಮಾಡಿಕೊಳ್ಳಿ. ಸನ್‌ಮೈಕಾದ ಕತ್ತರಿಸಿದ ಅಂಚನ್ನು ಮರಳುಕಾಗದದಲ್ಲಿ ಉಜ್ಜಿ, ಇಲ್ಲದಿದ್ದರೆ ನೂಲು ಹಿಡಿದೆಳೆಯುತ್ತದೆ.

ಕೆಳಗಿನ ಬಟ್ಟೆ ಪಾಲಿಯೆಸ್ಟರ್ ಆಗಿದ್ದರೆ ಇನ್ನೊಂದು ತಾಪತ್ರಯ. ನಮ್ಮ ಕಡೆಯ ಒಣ ಹವೆಯಲ್ಲಿ, ಅದರಲ್ಲೂ ಚಳಿಗಾಲದ ಮಧ್ಯಾಹ್ನ, ಅದು ಪ್ಲಾಸ್ಟಿಕ್‌ಗೆ ಉಜ್ಜಿದರೆ ವಿದ್ಯುತ್ ಕೂಡಿ ಚಟಚಟ ಎನ್ನುತ್ತಾ ಅಂಟಿಕೊಳ್ಳುತ್ತದೆ. ಒದ್ದೆ ಬಟ್ಟೆಯನ್ನು ಹಿಂಡಿ ಮೇಜನ್ನು ಒಮ್ಮೆ ಒರೆಸಿ, ಕೋಣೆಯಲ್ಲಿ ಒಂದು ಬಕೆಟ್ ನೀರಿಡಿ, ಅಷ್ಟರಮಟ್ಟಿಗೆ ಸುಧಾರಿಸುತ್ತದೆ. ಮುಂದಿನ ಸಲ ಹತ್ತಿಯನ್ನೇ ಹಾಕಿ.

ಪ್ರಶ್ನೆ: ಶಿಡ್ಲಘಟ್ಟದಿಂದ ಬರೆಯುತ್ತಿದ್ದೇನೆ. ನಮ್ಮ ಸಮಸ್ಯೆ ಉಲ್ಟಾ. ಅಜ್ಜಿಯ ರೇಷ್ಮೆ ಸೀರೆಗಳಿಂದ ಮಗಳ ಮದುವೆಗೆ ಕೌದಿ ಮಾಡಿಸುತ್ತಿದ್ದೇವೆ. ಬಟ್ಟೆ ನಿಲ್ಲುವುದೇ ಇಲ್ಲ, ಹಾವಿನಂತೆ ಹರಿದಾಡುತ್ತದೆ.

ಉತ್ತರ: ರೇಷ್ಮೆ ಊರಿನವರಿಗೆ ರೇಷ್ಮೆಯ ಬಗ್ಗೆ ನಾನೇನು ಹೇಳಲಿ! ಆದರೂ ಕೇಳಿದ್ದೀರಿ. ಮೇಲೂ ರೇಷ್ಮೆ ಕೆಳಗೂ ರೇಷ್ಮೆ ಇಟ್ಟರೆ ಎರಡೂ ಒಂದರ ಮೇಲೊಂದು ಜಾರುತ್ತವೆ. ನಡುವೆ ಜುಂಗು ಇರುವ ಹತ್ತಿಯ ಫ್ಲಾನೆಲ್ ಹಾಕಿ, ಅದು ಎರಡನ್ನೂ ಹಿಡಿದುಕೊಳ್ಳುತ್ತದೆ. ರೇಷ್ಮೆಯ ಹಿಂಬದಿಗೆ ಇಸ್ತ್ರಿಯ ಬಿಸಿಗೆ ಅಂಟುವ ತೀರ ತೆಳುವಾದ ಫ್ಯೂಸಿಂಗ್ ಬಟ್ಟೆ ಅಂಟಿಸಿದರೆ ಹರಿದಾಟ ನಿಲ್ಲುತ್ತದೆ, ಹಳೆ ಸೀರೆಯ ಮಡಿಕೆ ಸೀಳುವುದೂ ತಪ್ಪುತ್ತದೆ. ಇಸ್ತ್ರಿ ಹದವಾಗಿರಲಿ, ಮೇಲೊಂದು ಬಟ್ಟೆ ಹಾಕಿಕೊಳ್ಳಿ. ಪಿನ್ನು ಬೇಡ, ರೇಷ್ಮೆಯಲ್ಲಿ ತೂತು ಉಳಿಯುತ್ತದೆ. ಸಣ್ಣ ಸೂಜಿ, ತೆಳು ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ. ಮಿಷಿನ್ನಿಗೆ 11 ನಂಬರಿನ ಸೂಜಿ. ಜರಿಯ ಮೇಲೆ ಹೊಲಿಯುವುದನ್ನು ಆದಷ್ಟು ತಪ್ಪಿಸಿ, ಜರಿ ಸೂಜಿಯ ಮೊನೆಯನ್ನು ಬೇಗ ಮೊಂಡು ಮಾಡುತ್ತದೆ. ಮೊಂಡು ಸೂಜಿ ರೇಷ್ಮೆಯ ಎಳೆಯನ್ನು ಎಳೆದುಬಿಟ್ಟರೆ ಅದನ್ನು ಸರಿಪಡಿಸುವ ದಾರಿ ನನಗಂತೂ ಗೊತ್ತಿಲ್ಲ. ಮೇಲಿನ ಪದರವನ್ನೂ ಹಲ್ಲಿನಂತೆ ನಡೆಸುವ ವಾಕಿಂಗ್ ಫುಟ್ ನಿಮ್ಮ ಟೈಲರ್ ಬಳಿ ಇದೆಯೇ ಕೇಳಿ. ನಿಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ್ದು ಅದು.

ಪ್ರಶ್ನೆ: ಬೈಕಿಗೆ ಹೊಳಪು ಕೊಡುವ ಸಿಲಿಕಾನ್ ಸ್ಪ್ರೇಯನ್ನು ಮಿಷಿನ್ ಮೇಲೆ ಹೊಡೆದೆ. ಚೆನ್ನಾಗಿ ಜಾರಿತು. ಈಗ ಕೌದಿಯ ಹಿಂಬದಿಯಲ್ಲಿ ಎಣ್ಣೆಯಂಥ ಕಲೆ. ಹೋಗುತ್ತದೆಯೇ? (ಕೆಜಿಎಫ್)

ಉತ್ತರ: ಪೂರ್ತಿ ಹೋಗುವ ಭರವಸೆ ಕೊಡಲಾರೆ. ಪಾತ್ರೆ ತೊಳೆಯುವ ದ್ರವವನ್ನು ಕಲೆಗೆ ನೇರ ಹಚ್ಚಿ, ಅರ್ಧ ಗಂಟೆ ಬಿಟ್ಟು, ಬಣ್ಣ ತಡೆಯುವುದಾದರೆ ಬಿಸಿನೀರಲ್ಲಿ ಒಗೆಯಿರಿ. ಕಲೆ ಇರುವಾಗ ಇಸ್ತ್ರಿ ಬೇಡ. ನಾನೂ ಬುದ್ಧಿವಂತೆಯೇನಲ್ಲ. ಕಲಿಯುವ ಕಾಲದಲ್ಲಿ ಮಿಷಿನ್ ಮೇಲೆ ಮೇಣದ ಬತ್ತಿ ತಿಕ್ಕಿ ಎರಡು ದಿಂಬಿನ ಚೀಲ ಹೊಲಿದಿದ್ದೆ. ಹೊಲಿಯುವಾಗ ಏನೂ ಕಾಣಲಿಲ್ಲ. ಇಸ್ತ್ರಿ ಇಟ್ಟೆ ನೋಡಿ, ಮೇಣ ಕರಗಿ ಉದ್ದಕ್ಕೂ ಜಿಡ್ಡಿನ ಗೀರು! ಮಿಷಿನ್ನಿನ ಮೈಯನ್ನು ಸಾಬೂನು ನೀರಿನಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಉಜ್ಜಿದರೆ ಸಾಕು. ಬಹಳ ಸಲ ಜಾರದೆ ಇರುವುದಕ್ಕೆ ಕಾರಣ ಹಳೆ ಎಣ್ಣೆ ಮತ್ತು ಧೂಳು ಸೇರಿದ ಅಂಟು, ಅಷ್ಟೇ.

ಪ್ರಶ್ನೆ: ಗೌರಿಬಿದನೂರಿನಿಂದ. ಇಷ್ಟೆಲ್ಲ ತೊಂದರೆಗೆ ಕೌದಿಗೆಂದೇ ದೊಡ್ಡ ಮಿಷಿನ್ ಕೊಳ್ಳುವುದು ವಾಸಿಯೇ?

ಉತ್ತರ: ವರ್ಷಕ್ಕೆ ಎಷ್ಟು ಕೌದಿ ಹೊಲಿಯುತ್ತೀರಿ? ಒಂದೆರಡಾದರೆ ಬೇಡ. ಆ ದುಡ್ಡಲ್ಲಿ ಬಡಗಿಯನ್ನು ಕರೆಸಿ ಈಗಿನ ಮಿಷಿನ್ನಿನ ಎಡಕ್ಕೂ ಹಿಂದಕ್ಕೂ ಎರಡೆರಡು ಅಡಿಯ ಮಡಚುವ ಹಲಗೆ ಹಾಕಿಸಿ. ಹಲಗೆಯ ಕೀಲಿನ ತಿರುಪುಗಳು ಮೇಲಕ್ಕೆ ಎದ್ದಿರದಂತೆ ಒಳಕ್ಕೆ ಕೂರಿಸಲು ಹೇಳಿ.